ಕ್ಯಾಮೆರಾ ಹಿಡಿದು ಕಠ್ಮಂಡು ಕಣಿವೆಗೆ ಹೊರಟವರಿಗೆ

ಹಿಮಾಲಯದ ಊರುಗಳಲ್ಲಿ ಜನರ, ಗುಡಿಗಳ ಫೋಟೊ ತೆಗೆಯಬೇಕೆಂದು ಹೊರಡುವವರು ಕಠ್ಮಂಡು, ಪೋಖರಾ, ಲುಂಬಿನಿ, ಮುಕ್ತಿನಾಥ ಎಲ್ಲವನ್ನೂ ಒಂದೇ ಪ್ರವಾಸಕ್ಕೆ ತುರುಕುತ್ತಾರೆ. ಅರ್ಧ ರಜೆ ಜೀಪಿನಲ್ಲೇ ಮುಗಿಯುತ್ತದೆ. ನನ್ನನ್ನು ಕೇಳಿದರೆ ಕಠ್ಮಂಡು ಕಣಿವೆಯೊಂದೇ ಸಾಕು. ಬಾಗ್ಮತಿ ನದಿ ದಾಟಿದರೆ ಪಾಟನ್, ಪೂರ್ವಕ್ಕೆ ಸುಮಾರು 13 ಕಿಲೋಮೀಟರ್ ಹೋದರೆ ಭಕ್ತಪುರ. ಕಠ್ಮಂಡು ಸೇರಿ ಈ ಮೂರೂ ಊರುಗಳು ಒಂದು ಕಾಲಕ್ಕೆ ಮಲ್ಲ ಅರಸರ ಬೇರೆ ಬೇರೆ ರಾಜಧಾನಿಗಳು. ದಾಯಾದಿಗಳು ಒಬ್ಬರನ್ನೊಬ್ಬರು ಮೀರಿಸುವ ಹಟದಲ್ಲಿ ಕಟ್ಟಿಸಿದ ಗುಡಿಗಳು ಈಗ ನಮ್ಮ ಪಾಲಿಗೆ ಲಾಭವಾಗಿವೆ. ಕಣಿವೆ ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಷ್ಟೇ. ಉಸಿರಾಟದ ತೊಂದರೆಯ ಭಯವಿಲ್ಲದೆ ವಯಸ್ಸಾದ ತಂದೆತಾಯಿಯನ್ನೂ ಕರೆದೊಯ್ಯಬಹುದು.

ಮೊದಲು ಕಾಗದಪತ್ರದ ವಿಷಯ ಮುಗಿಸಿಬಿಡೋಣ. ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಒಯ್ಯಬೇಕು. ಆಧಾರ್ ಒಂದನ್ನೇ ನೆಚ್ಚಿಕೊಂಡು ಹೊರಡಬೇಡಿ. ನಮ್ಮ 100 ರೂಪಾಯಿಗೆ ಅಲ್ಲಿನ 160 ಎಂಬುದು ಸ್ಥಿರ ದರ. ನೂರರ ನೋಟುಗಳನ್ನೇ ಹೆಚ್ಚು ಇಟ್ಟುಕೊಳ್ಳಿ, ದೊಡ್ಡ ನೋಟು ಕಂಡರೆ ಅಂಗಡಿಯವರು ಹಿಂದೆಮುಂದೆ ನೋಡುತ್ತಾರೆ. ಅರಮನೆ ಚೌಕಗಳ ಪ್ರವೇಶ ಶುಲ್ಕದಲ್ಲಿ ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ರಿಯಾಯಿತಿ ಇದೆ, ಗುರುತಿನ ಚೀಟಿ ತೋರಿಸಿ ಕೇಳಿ ಪಡೆಯಿರಿ. ದೆಹಲಿಯಿಂದ ಹೋಗುವಾಗ ವಿಮಾನದ ಎಡಬದಿಯ ಕಿಟಕಿ, ಬರುವಾಗ ಬಲಬದಿಯದು. ಹಿಮಶಿಖರಗಳು ಆ ಕಡೆಗೇ ಕಾಣುವುದು. ಡ್ರೋನ್ ಹಾರಿಸಲು ಸರ್ಕಾರದ ಅನುಮತಿ ಬೇಕು. ಅದನ್ನು ಮನೆಯಲ್ಲೇ ಬಿಡುವುದು ಕ್ಷೇಮ.

ವಸತಿ ಭಕ್ತಪುರದಲ್ಲಿರಲಿ. ಎಲ್ಲರೂ ಕಠ್ಮಂಡುವಿನ ಪ್ರವಾಸಿ ಕೇರಿಯಾದ ಥಮೆಲ್‌ನಲ್ಲಿ ಉಳಿದು, ಮಧ್ಯಾಹ್ನದ ಬಿಸಿಲಿನಲ್ಲಿ ಇಲ್ಲಿಗೆ ಬಂದು, ಸಂಜೆಗೆ ಹಿಂದಿರುಗುತ್ತಾರೆ. ಊರು ತಾನಾಗಿರುವುದು ಅವರು ಬರುವ ಮೊದಲು ಮತ್ತು ಹೋದ ಮೇಲೆ. ಬೆಳಗಿನ ಆರು ಗಂಟೆಗೆ ತೌಮಾಡಿ ಚೌಕಕ್ಕೆ ಬನ್ನಿ. ಹಿತ್ತಾಳೆ ತಟ್ಟೆಯಲ್ಲಿ ಹೂವು, ಅಕ್ಷತೆ, ಕುಂಕುಮ ಹಿಡಿದ ಹೆಂಗಸರು ಒಂದೊಂದೇ ಗುಡಿಯ ಗಂಟೆ ಬಾರಿಸುತ್ತ ಸಾಗುತ್ತಾರೆ. ಕೆಂಪಂಚಿನ ಕಪ್ಪು ಸೀರೆಯುಟ್ಟ, ಕಣಿವೆಯ ಮೂಲನಿವಾಸಿಗಳಾದ ನೇವಾರಿ ಅಜ್ಜಿಯರು ಸೊಪ್ಪು ಮಾರಲು ಕೂತಿರುತ್ತಾರೆ. ಜಗಲಿಯಂಥ ಪಾಟಿಗಳಲ್ಲಿ ಢಾಕಾ ಟೋಪಿಯ ಹಿರಿಯರು ಚಹಾ ಕುಡಿಯುತ್ತ ಊರಿನ ಸುದ್ದಿ ಮಾತನಾಡುತ್ತಾರೆ. ಇವರ ನಡುವೆ ನೀವೂ ಒಂದು ಲೋಟ ಚಹಾ ಹಿಡಿದು ಕೂತುಬಿಡಿ. ಕ್ಯಾಮೆರಾ ತೊಡೆಯ ಮೇಲಿರಲಿ, ಎಲ್ಲರ ಕಣ್ಣಿಗೂ ಕಾಣುವಂತೆ. ದೂರದಿಂದ ಉದ್ದನೆಯ ಲೆನ್ಸ್ ಹಾಕಿ ಕದ್ದು ತೆಗೆಯುವವರನ್ನು ಕಂಡರೆ ನನಗಾಗುವುದಿಲ್ಲ. ಚಿತ್ರವೂ ಹಾಗೇ ಬರುತ್ತದೆ, ಕದ್ದಂತೆ.

ಕೇಳುವುದು ಸುಲಭ: ‘ಫೋಟೊ ಖಿಚ್ನ ಹುನ್ಛ?’ ಅಂದರೆ ಫೋಟೊ ತೆಗೆಯಬಹುದೇ ಎಂದು. ವಯಸ್ಸಾದ ಹೆಂಗಸರನ್ನು ಆಮಾ ಎನ್ನಿ, ನಡುವಯಸ್ಸಿನ ಗಂಡಸರನ್ನು ದಾಯಿ, ಹೆಂಗಸರನ್ನು ದಿದಿ ಎನ್ನಿ. ಬಹಳಷ್ಟು ಜನರಿಗೆ ಹಿಂದಿ ಅರ್ಥವಾಗುತ್ತದೆ, ಆದರೂ ಈ ಒಂದು ನೇಪಾಳಿ ಮಾತಿಗೆ ಮುಖಗಳು ಅರಳುವ ರೀತಿಯೇ ಬೇರೆ. ಕುಂಬಾರರ ಚೌಕದಲ್ಲಿ ಒಬ್ಬ ಮುದುಕರನ್ನು ಕೇಳಿದೆ. ಅವರು ತಿಗರಿ ನಿಲ್ಲಿಸಿದರು, ಕೈ ತೊಳೆದರು, ಮೊಳೆಗೆ ನೇತುಹಾಕಿದ್ದ ಟೋಪಿ ತಲೆಗಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಸಿಪಾಯಿಯಂತೆ ಕೂತರು. ನನಗೆ ಬೇಕಿದ್ದುದು ಜೇಡಿಮಣ್ಣಿನ ಕೈ. ಅವರಿಗೆ ಬೇಕಿದ್ದುದು ಮರ್ಯಾದೆಯ ಚಿತ್ರ. ಮೊದಲು ಅವರಿಗೆ ಬೇಕಾದದ್ದನ್ನು ತೆಗೆದು ತೋರಿಸಿದೆ. ತಲೆಯಾಡಿಸಿ ಮತ್ತೆ ತಿಗರಿಗೆ ಕೂತರು, ಆಮೇಲೆ ನನ್ನನ್ನು ಮರೆತೇಬಿಟ್ಟರು. ಈ ಕ್ರಮವನ್ನು ಎಲ್ಲಿ ಬೇಕಾದರೂ ಅನುಸರಿಸಬಹುದು. ಚೌಕದ ಸುತ್ತ ಫೋಟೊ ಮುದ್ರಿಸಿಕೊಡುವ ಅಂಗಡಿಗಳನ್ನು ವಿಚಾರಿಸಿ, ಮರುದಿನ ಒಂದು ಪ್ರತಿ ಕೊಟ್ಟರೆ ಇಡೀ ಕೇರಿಯೇ ನಿಮ್ಮನ್ನು ಕರೆಯುತ್ತದೆ.

ಅದೇ ತೌಮಾಡಿಯಲ್ಲಿ ನ್ಯಾತಪೋಲ ಇದೆ. ಐದು ಅಂತಸ್ತಿನ ಈ ಗುಡಿಯನ್ನು 1702ರಲ್ಲಿ ಭೂಪತೀಂದ್ರ ಮಲ್ಲ ಕಟ್ಟಿಸಿದ. ಮೆಟ್ಟಿಲಿನ ಇಕ್ಕೆಲದಲ್ಲಿ ಕೆಳಗಿನಿಂದ ಜಟ್ಟಿಗಳು, ಆನೆಗಳು, ಸಿಂಹಗಳು, ಶಾರ್ದೂಲಗಳು, ಮೇಲೆ ಇಬ್ಬರು ದೇವಿಯರು. ಒಂದೊಂದು ಜೋಡಿಗೂ ಕೆಳಗಿನದರ ಹತ್ತರಷ್ಟು ಬಲವಂತೆ. ಒಳಗಿನ ಸಿದ್ಧಿಲಕ್ಷ್ಮಿಯನ್ನು ಕಾಣುವುದು ಅರ್ಚಕರು ಮಾತ್ರ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಪಕ್ಕದ ಅರಮನೆ ಚೌಕದ ವತ್ಸಲಾ ದುರ್ಗಾ ಗುಡಿ ಕುಸಿದಾಗಲೂ ಇದು ನಿಂತಿತು. ಗುಡಿ ಇಡಿಯಾಗಿ ಚೌಕಟ್ಟಿನಲ್ಲಿ ಕೂರಬೇಕೆಂದು ಹಿಂದೆ ಹಿಂದೆ ಸರಿಯುವ ಬದಲು ಮೆಟ್ಟಿಲ ಮೇಲೆ ಕುಳಿತ ಜನರನ್ನೇ ತೆಗೆಯಿರಿ, ಎತ್ತರ ತಾನಾಗಿ ತಿಳಿಯುತ್ತದೆ. ಕಣಿವೆಯ ಹಲವು ಗುಡಿಗಳಲ್ಲಿ ಹಳೆಯ ಕಪ್ಪು ಮರದ ನಡುವೆ ಹೊಸ ಮರದ ತುಂಡುಗಳು ಎದ್ದು ಕಾಣುತ್ತವೆ. ಭೂಕಂಪದ ನಂತರದ ಆ ತೇಪೆಗಳನ್ನು ಚಿತ್ರದಿಂದ ತಪ್ಪಿಸಲು ಹೋಗಬೇಡಿ.

ಪಾಟನ್‌ನಲ್ಲಿ ಬೆಳಕಿನ ಲೆಕ್ಕ ಸರಳ. ಅರಮನೆ ಪೂರ್ವಕ್ಕೆ, ಗುಡಿಗಳ ಸಾಲು ಪಶ್ಚಿಮಕ್ಕೆ. ಸೂರ್ಯ ಅರಮನೆಯ ಮಾಡು ದಾಟಿದ ಮೇಲೆ ಗುಡಿಗಳಿಗೆ, ಮಧ್ಯಾಹ್ನದ ನಂತರ ಅರಮನೆಗೆ ಬಿಸಿಲು. 1637ರ ಕೃಷ್ಣ ಮಂದಿರ ಪೂರ್ತಿ ಕಲ್ಲಿನದು; ಮಹಾಭಾರತ, ರಾಮಾಯಣದ ಪಟ್ಟಿಕೆಗಳನ್ನು ಹತ್ತಿರದಿಂದ ನೋಡಲು ಸಮಯವಿಡಿ. ಹತ್ತಿರದ ಬೌದ್ಧ ಗುಡಿಯಾದ ಹಿರಣ್ಯವರ್ಣ ಮಹಾವಿಹಾರದೊಳಗೆ ಚರ್ಮದ ವಸ್ತು ಒಯ್ಯುವಂತಿಲ್ಲ, ಕ್ಯಾಮೆರಾದ ಚರ್ಮದ ಪಟ್ಟಿಯನ್ನೂ ನೆನಪಿಡಿ.

ಪಶುಪತಿನಾಥದ ಗರ್ಭಗುಡಿಯ ಭಟ್ಟರು ಕರ್ನಾಟಕ ಮೂಲದವರೆಂಬುದು ನಮಗೆ ಹೆಮ್ಮೆಯ ವಿಷಯ. ಆ ಹೆಮ್ಮೆಗೆ ಕ್ಯಾಮೆರಾ ವಿಷಯದಲ್ಲಿ ರಿಯಾಯಿತಿ ಸಿಗುವುದಿಲ್ಲ. ಮುಖ್ಯ ಗುಡಿಯ ಆವರಣದಲ್ಲಿ ಫೋಟೊ ನಿಷಿದ್ಧ. ಹೊರಗೆ ಬಣ್ಣ ಬಳಿದುಕೊಂಡು ಕೂತ ಸಾಧುಗಳು ಚಿತ್ರಕ್ಕೆ ಹಣ ಕೇಳುತ್ತಾರೆ. ಕೊಡುವುದಾದರೆ ಮೊದಲೇ ಮೊತ್ತ ಮಾತಾಡಿ, ಒಲ್ಲದಿದ್ದರೆ ಕೈಮುಗಿದು ಮುಂದೆ ನಡೆಯಿರಿ. ಬಾಗ್ಮತಿಯ ದಡದಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ಎದುರು ದಡದಲ್ಲಿ ಕ್ಯಾಮೆರಾ ಎತ್ತಿ ನಿಂತವರನ್ನು ತಡೆಯುವವರಿಲ್ಲ. ಅಲ್ಲಿ ಅಳುತ್ತಿರುವವರು ನಮ್ಮ ಮನೆಯವರಾಗಿದ್ದರೆ ಎಂದು ಯೋಚಿಸಿದರೆ ಕೈ ತಾನಾಗಿ ಕೆಳಗಿಳಿಯುತ್ತದೆ.

ಬೌದ್ಧನಾಥದ ದೊಡ್ಡ ಸ್ತೂಪಕ್ಕೆ ಸಂಜೆ ಹೋಗಿ, ಪ್ರದಕ್ಷಿಣೆಯ ಹರಿವಿನ ಜೊತೆಗೇ ನಡೆಯಿರಿ. ಎದುರುಬದುರು ನಡೆದು ಫೋಟೊ ತೆಗೆಯುವುದು ಅಲ್ಲಿ ಅಸಭ್ಯತನ. ಜೀವಂತ ದೇವಿಯೆಂದು ಪೂಜಿಸುವ ಬಾಲಕಿ ಇರುವ ಕಠ್ಮಂಡುವಿನ ಕುಮಾರಿ ಮನೆಯ ಅಂಗಳದ ಮರದ ಕೆತ್ತನೆಗಳನ್ನು ತೆಗೆಯಬಹುದು, ಕಿಟಕಿಗೆ ಬರುವ ಬಾಲದೇವಿಯನ್ನಲ್ಲ.

ಹೋಗುವ ಕಾಲ ಅಕ್ಟೋಬರ್, ನವೆಂಬರ್. ಮಳೆ ತೊಳೆದ ಆಕಾಶ, ಚೌಕಗಳಲ್ಲಿ ಹರವಿದ ಭತ್ತ. ಮಾರ್ಚ್, ಏಪ್ರಿಲ್‌ನಲ್ಲಿ ಹೊಗೆ ಮತ್ತು ದೂಳಿನ ನಡುವೆ ಬೆಟ್ಟಗಳು ಕಾಣುವುದೇ ಅನುಮಾನ. ನಮ್ಮ ದಸರೆಯಂಥ ದಶೈಂ ಹಬ್ಬದ ಮುಖ್ಯ ದಿನಗಳಲ್ಲಿ ಅಂಗಡಿಗಳು ಮುಚ್ಚಿ ಜನ ಊರಿಗೆ ಹೋಗಿರುತ್ತಾರೆ. ನಮ್ಮ ದೀಪಾವಳಿಯಂಥ ತಿಹಾರ್ ಹಬ್ಬ ಚೆನ್ನ: ಒಂದು ದಿನ ನಾಯಿಗಳಿಗೂ ಚೆಂಡುಹೂವಿನ ಹಾರ, ಹಣೆಗೆ ತಿಲಕ, ಇರುಳಿಗೆ ಬಾಗಿಲು ಬಾಗಿಲಲ್ಲಿ ದೀಪ. ಆ ವಾರಕ್ಕೆ ಹೋಗುವುದಾದರೆ ಭಕ್ತಪುರದ ಕೋಣೆಯನ್ನು ಬಹಳ ಮೊದಲೇ ಕಾಯ್ದಿರಿಸಿ.