ಇಂಜಿನ್ ಸದ್ದು, ನಿಲ್ಲದ ಬ್ಯಾಟರಿ: ಹಳೆಯ ಬೈಕನ್ನು ಬಿಚ್ಚುವ ಮೊದಲು

ಇಂಜಿನ್ನಿನಲ್ಲಿ ಸದ್ದು ಬಂತೆಂದರೆ ಹೆಡ್ (ಸಿಲಿಂಡರಿನ ಮೇಲ್ಭಾಗ) ಬಿಚ್ಚುವುದು, ಬ್ಯಾಟರಿ ನಿಲ್ಲುತ್ತಿಲ್ಲವೆಂದರೆ ಹೊಸ ಬ್ಯಾಟರಿ ಕೂರಿಸುವುದು. ಹಳೆಯ ಬೈಕುಗಳಲ್ಲಿ ದುಡ್ಡು ಪೋಲಾಗುವುದು ಹೆಚ್ಚಾಗಿ ಈ ಎರಡು ದಾರಿಯಲ್ಲೇ. ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು), ಉದ್ದನೆಯ ಸ್ಕ್ರೂಡ್ರೈವರ್, ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇಷ್ಟಿದ್ದರೆ ಏನನ್ನು ಬಿಚ್ಚಬೇಕು, ಏನನ್ನು ಮುಟ್ಟಬಾರದು ಎಂಬುದು ಬಹುಮಟ್ಟಿಗೆ ಮೊದಲೇ ಗೊತ್ತಾಗುತ್ತದೆ. ಇನ್ನೊಂದು ಮಾತು: ಎರಡೂ ತೊಂದರೆ ಒಟ್ಟಿಗೇ ಶುರುವಾಗಿದ್ದರೆ ಎರಡಕ್ಕೂ ಮೂಲ ಒಂದೇ ಇರಬಹುದು. ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಮುಖ್ಯ ಶಾಫ್ಟ್) ತುದಿಯಲ್ಲಿ ಕೂತು ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಅದು. ಅದರ ಬಗ್ಗೆ ನಡುವೆ ಬರೆದಿದ್ದೇನೆ. ಇಲ್ಲಿರುವುದೆಲ್ಲ ಗಾಳಿಯಿಂದ ತಣಿಯುವ, ನಾಲ್ಕು ಸ್ಟ್ರೋಕಿನ, 12 ವೋಲ್ಟ್ ಬೈಕುಗಳಿಗೆ ಹೊಂದುತ್ತದೆ.

ಸದ್ದಿಗೆ ಕಿವಿ ಕೊಡುವ ಮುನ್ನ

ಮೊದಲು ಆಯಿಲ್. ಬೈಕನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನೇರವಾಗಿ ನಿಲ್ಲಿಸಿ, ಮೂರು ನಾಲ್ಕು ನಿಮಿಷ ಇಂಜಿನ್ ಓಡಿಸಿ, ಆಫ್ ಮಾಡಿ, ಅಷ್ಟೇ ಹೊತ್ತು ಬಿಟ್ಟು ಮಟ್ಟ ನೋಡಿ. ಡಿಪ್‌ಸ್ಟಿಕ್ಕನ್ನು ತಿರುಗಿಸಿ ಕೂರಿಸಿ ನೋಡಬೇಕೋ, ಸುಮ್ಮನೆ ಇಳಿಬಿಟ್ಟು ನೋಡಬೇಕೋ ಎಂಬುದು ಮಾಡೆಲಿನಿಂದ ಮಾಡೆಲಿಗೆ ಬೇರೆ. ಅದನ್ನು ಮ್ಯಾನ್ಯುಯಲ್‌ನಲ್ಲಿ ನೋಡದಿದ್ದರೆ ಲೆಕ್ಕವೇ ತಪ್ಪುತ್ತದೆ. ಆಯಿಲಿನಲ್ಲಿ ಪೆಟ್ರೋಲ್ ವಾಸನೆ ಬಂದು, ಮಟ್ಟ ಏರಿದ್ದರೆ ಕಾರ್ಬ್ಯುರೇಟರಿನ ಫ್ಲೋಟ್ ಪಿನ್ (ಪೆಟ್ರೋಲ್ ಒಳಬರುವುದನ್ನು ತಡೆಯುವ ಸೂಜಿ) ಸೋರುತ್ತಿದೆ ಎಂದರ್ಥ. ಆ ತೆಳುವಾದ ಆಯಿಲಿನಲ್ಲಿ ಆರೋಗ್ಯವಾಗಿರುವ ಇಂಜಿನ್ನೂ ಗಲಾಟೆ ಮಾಡುತ್ತದೆ.

ಆಮೇಲೆ ಐಡಲ್, ಅಂದರೆ ಥ್ರಾಟಲ್ ಕೊಡದಿದ್ದಾಗ ಇಂಜಿನ್ ತಿರುಗುವ ವೇಗ. ನಿಮಿಷಕ್ಕೆ 1,300 ಸುತ್ತಿನ ಆಸುಪಾಸಿನಲ್ಲಿ ಇರಬೇಕಾದ್ದು 900ಕ್ಕೆ ಇಳಿದಿದ್ದರೆ ಕ್ಲಚ್ ಬಾಕ್ಸ್, ಪ್ರೈಮರಿ ಗೇರ್ ಹಲ್ಲುಗಳ ಸಡಿಲವೇ ಕಟಕಟ ಎನ್ನುತ್ತದೆ. ಐಡಲ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಹೋಗುವ ಸದ್ದಿಗೆ ಕೇಸ್ ಬಿಚ್ಚುವವರಿದ್ದಾರೆ.

ಕೊನೆಗೆ ಇಂಜಿನ್ನಿನದೇ ಅಲ್ಲದ ಸದ್ದುಗಳು. ಸೈಲೆನ್ಸರ್ ಬೆಂಡ್ ಹೆಡ್ಡಿಗೆ ಸೇರುವ ಕಡೆ ಗ್ಯಾಸ್ಕೆಟ್ ಸೋರಿದರೆ ಬರುವ ಟಿಕ್ ಟಿಕ್ ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ತೋಳಿನ ನಡುವಿನ ಹೊಂದಿಕೆ) ಸದ್ದನ್ನೇ ಹೋಲುತ್ತದೆ. ತಣ್ಣಗಿರುವಾಗ ಜೋರು, ಬಿಸಿಯಾದಂತೆ ಲೋಹ ಹಿಗ್ಗಿ ಕಡಿಮೆ. ಆ ಜಾಗದಲ್ಲಿ ಕಪ್ಪು ಮಸಿ ಕಾಣುತ್ತದೆ. ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲೇ ಅಲ್ಲಿ ಸಾಬೂನು ನೀರು ಸವರಿದರೆ ಗುಳ್ಳೆ ಏಳುತ್ತದೆ. ಸಡಿಲವಾದ ಸ್ಪಾರ್ಕ್ ಪ್ಲಗ್ಗೂ ಇದೇ ರೀತಿ ಮೋಸ ಮಾಡುತ್ತದೆ. ಇಂಜಿನ್ ಮೌಂಟಿಂಗ್ ಬೋಲ್ಟ್, ಚೈನ್ ಕವರ್, ಒಣಗಿ ಉದುರಿದ ಫಿನ್ ರಬ್ಬರ್ ಇವನ್ನೆಲ್ಲ ಕೈಯಲ್ಲಿ ಒತ್ತಿ ಹಿಡಿದು ನೋಡಿ. ಬಿಸಿ ಇರುತ್ತದೆ, ಗ್ಲೌಸ್ ಬೇಕು.

ಸದ್ದಿನ ವೇಗ, ಬಿಸಿ, ಭಾರ

ನಾಲ್ಕು ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಐಡಲ್ 1,200 ಇದ್ದರೆ ಕ್ರ್ಯಾಂಕಿನ ದೋಷ ಸೆಕೆಂಡಿಗೆ 20 ಸಲ ಬಡಿಯುತ್ತದೆ, ಟ್ಯಾಪೆಟ್ ದೋಷ 10 ಸಲ. ಎಣಿಸಲು ಆಗದಿದ್ದರೂ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ಟ್ಯಾಪೆಟ್ ಸದ್ದು ಬಿಡಿಬಿಡಿಯಾಗಿ, ಹಗುರವಾಗಿ, ಮೇಲಿನಿಂದ ಬರುತ್ತದೆ. ಸ್ಕ್ರೂಡ್ರೈವರಿನ ತುದಿಯನ್ನು ಕವರಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ ಒಂದೊಂದೇ ಜಾಗ ಕೇಳಿ. ಒಂದೇ ಜಾಗ ಕೇಳಿ ತೀರ್ಮಾನಿಸಬೇಡಿ, ಅಲ್ಯೂಮಿನಿಯಂ ಸದ್ದನ್ನು ದೂರದವರೆಗೆ ಒಯ್ಯುತ್ತದೆ. ಹೋಲಿಸಿದಾಗ ಮಾತ್ರ ಯಾವುದು ಹತ್ತಿರ ಎಂಬುದು ತಿಳಿಯುತ್ತದೆ.

ತಣ್ಣಗಿರುವಾಗ ಟೊಳ್ಳು ಬಡಿತ ಕೇಳಿ, ಐದು ನಿಮಿಷದಲ್ಲಿ ಇಲ್ಲವಾದರೆ ಅದು ಸವೆದ ಬೋರಿನೊಳಗೆ (ಸಿಲಿಂಡರಿನ ಒಳಗೋಡೆ) ಪಿಸ್ಟನ್ ಓಲಾಡುವ ಸದ್ದು. ಹೊಗೆ ಇಲ್ಲದಿದ್ದರೆ, ಆಯಿಲ್ ಕುಡಿಯದಿದ್ದರೆ ಅದನ್ನು ಸಹಿಸಿಕೊಂಡು ಓಡಿಸಬಹುದು. ಇದಕ್ಕೆ ತದ್ವಿರುದ್ಧ ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೇರಿಂಗ್ (ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯದು). ಬಿಸಿಯಾಗಿ ಆಯಿಲ್ ತೆಳುವಾದಷ್ಟೂ ಜೋರು. ಭಾರ ಎಳೆಯುವಾಗ ಮತ್ತು ಥ್ರಾಟಲ್ ಬಿಟ್ಟ ಗಳಿಗೆಯಲ್ಲಿ ಕೆಳಗಿನಿಂದ ಟಕ್ ಟಕ್ ಎಂದು ಗಟ್ಟಿಯಾಗಿ ಬಡಿಯುತ್ತದೆ. ಈ ಸದ್ದು ಬಂದ ಬೈಕನ್ನು ಓಡಿಸಿಕೊಂಡು ಹೋಗಬೇಡಿ, ಸಾಗಿಸಿ. ರಾಡ್ ಮುರಿದರೆ ಕೇಸನ್ನೇ ಒಡೆಯುತ್ತದೆ. ಗಜನ್ ಪಿನ್ (ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್) ಸವೆದಿದ್ದರೆ ಸದ್ದು ಚುರುಕು, ಜೋಡಿ ಬಡಿತ, ಐಡಲಿನಿಂದ ಸ್ವಲ್ಪ ಏರಿಸಿದಾಗ ಸ್ಪಷ್ಟ. ಕ್ರ್ಯಾಂಕಿನ ಮುಖ್ಯ ಬೇರಿಂಗುಗಳದು ಬಡಿತವಲ್ಲ, ಗೊರಗೊರ. ಕಿವಿಗಿಂತ ಮೊದಲು ಫುಟ್‌ರೆಸ್ಟಿನಲ್ಲಿ ಕಾಲಿಗೆ ಗೊತ್ತಾಗುತ್ತದೆ.

ಕ್ಲಚ್ ಲಿವರ್ ಅತ್ಯಂತ ಸುಲಭದ ಪರೀಕ್ಷೆ. ಹಿಡಿದಾಗ ಸದ್ದು ನಿಂತರೆ ಅಥವಾ ಬದಲಾದರೆ ಕ್ಲಚ್ ಬಾಕ್ಸ್ ಇಲ್ಲವೇ ಗೇರ್‌ಬಾಕ್ಸ್ ಇನ್‌ಪುಟ್ ಬೇರಿಂಗ್. ಹಿಡಿದಾಗ ಮಾತ್ರ ಬಂದರೆ ರಿಲೀಸ್ ಬೇರಿಂಗ್. ಬದಲಾವಣೆಯೇ ಇಲ್ಲದಿದ್ದರೆ ಬೇರೆ ಕಡೆ ಹುಡುಕಿ.

ಏರಿನಲ್ಲಿ, ಮೇಲಿನ ಗೇರಿನಲ್ಲಿ, ಕಡಿಮೆ ವೇಗದಲ್ಲಿ ಎಳೆಸಿದಾಗ ಮಾತ್ರ ಬರುವ ಕಿಣಿಕಿಣಿ ಬೇರಿಂಗಿನದಲ್ಲ, ಇಂಧನ ಅಕಾಲದಲ್ಲಿ ಉರಿಯುವುದು. ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಗಳಿಗೆ) ಮುಂದಾಗಿದೆಯೇ, ಪೆಟ್ರೋಲ್ ಮಿಶ್ರಣ ತೆಳುವಾಗಿದೆಯೇ, ಹೆಡ್ಡಿನಲ್ಲಿ ಕಾರ್ಬನ್ ಕಟ್ಟಿದೆಯೇ ನೋಡಿ. ಬಿಟ್ಟರೆ ಪಿಸ್ಟನ್ ತಲೆ ತೂತಾಗುತ್ತದೆ.

ಟ್ಯಾಪೆಟ್ ಮತ್ತು ಟೈಮಿಂಗ್ ಚೈನ್

ಟ್ಯಾಪೆಟ್ ಅಳೆಯಲು ಇಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯಿಡೀ ನಿಂತಿದ್ದರೆ ಒಳ್ಳೆಯದು. ಪ್ಲಗ್ ತೆಗೆದು, ಮ್ಯಾಗ್ನೆಟ್ ನಟ್‌ಗೆ ಸ್ಪ್ಯಾನರ್ ಹಾಕಿ ಓಡುವ ದಿಕ್ಕಿಗೇ ತಿರುಗಿಸಿ ‘ಟಿ’ ಗುರುತನ್ನು (ಪಿಸ್ಟನ್ ತುತ್ತತುದಿಗೆ ಬಂದದ್ದನ್ನು ತೋರಿಸುವುದು) ಕೇಸಿನ ಗುರುತಿಗೆ ಸೇರಿಸಿ. ಎರಡೂ ರಾಕರ್ ಕೈಗೆ ಸ್ವಲ್ಪ ಅಲ್ಲಾಡಬೇಕು. ಒಂದು ಬಿಗಿಯಾಗಿದ್ದರೆ ಅದು ಕಂಪ್ರೆಷನ್ ಸ್ಟ್ರೋಕ್ ಅಲ್ಲ, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಸಣ್ಣ ಇಂಜಿನ್ನುಗಳಲ್ಲಿ ಇನ್‌ಟೇಕ್ 0.05ರಿಂದ 0.10 ಮಿ.ಮೀ., ಎಕ್ಸಾಸ್ಟ್ ಅದಕ್ಕಿಂತ ತುಸು ಹೆಚ್ಚು ಇರುವುದು ಸಾಮಾನ್ಯ. ನಿಮ್ಮ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಫೀಲರ್ ಎಲೆ ಎಳೆದಾಗ ಸ್ವಲ್ಪ ತಡೆ ಸಿಗಬೇಕು. ಲಾಕ್ ನಟ್ ಬಿಗಿದಾಗ ಅಂತರ ಬದಲಾಗುತ್ತದೆ, ಬಿಗಿದ ಮೇಲೆ ಮತ್ತೆ ಅಳೆಯಲೇಬೇಕು.

ಸದ್ದೇ ಬರಬಾರದೆಂದು ಟ್ಯಾಪೆಟ್ ಬಿಗಿ ಮಾಡುವುದು ಕೆಟ್ಟ ಅಭ್ಯಾಸ. ವಾಲ್ವ್ ತನ್ನ ಬಿಸಿಯನ್ನು ಸೀಟಿನ ಮೂಲಕ ಹೆಡ್ಡಿಗೆ ದಾಟಿಸುತ್ತದೆ. ಬಿಗಿಯಾದರೆ ಪೂರ್ತಿ ಕೂರುವುದಿಲ್ಲ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ, ಕಂಪ್ರೆಷನ್ ಹೋಗುತ್ತದೆ. ಸ್ವಲ್ಪ ಟಿಕ್ ಟಿಕ್ ಇರುವ ಇಂಜಿನ್ನನ್ನು ನಾನು ಹೆಚ್ಚು ನಂಬುತ್ತೇನೆ. ಅಂತರ ಸರಿಯಿದ್ದೂ ಸದ್ದು ಹೋಗದಿದ್ದರೆ ರಾಕರ್ ತುದಿ ಅಥವಾ ಸ್ಕ್ರೂ ಮುಖ ನೋಡಿ. ಅಲ್ಲಿ ಗುಳಿ ಬಿದ್ದಿದ್ದರೆ ಚಪ್ಪಟೆಯಾದ ಫೀಲರ್ ಎಲೆ ಗುಳಿಯ ಅಂಚುಗಳ ಮೇಲೆ ಕೂತು ಸುಳ್ಳು ಅಳತೆ ಕೊಡುತ್ತದೆ. ನಿಜವಾದ ಸಡಿಲ ಅದಕ್ಕಿಂತ ಜಾಸ್ತಿ.

ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಸದ್ದು ಸಿಲಿಂಡರಿನ ಪಕ್ಕದಲ್ಲಿ ಗರಗರ ಎಂದು ಬರುತ್ತದೆ, ಥ್ರಾಟಲ್ ಬಿಟ್ಟಾಗ ಹೆಚ್ಚು. ಟೆನ್ಷನರ್ (ಚೈನನ್ನು ಬಿಗಿಯಾಗಿಡುವ ಭಾಗ) ಬಿಚ್ಚಿದ ಮೇಲೆ ಇಂಜಿನ್ ತಿರುಗಿಸಬಾರದು, ಚೈನ್ ಹಲ್ಲು ಜಿಗಿಯುತ್ತದೆ. ಮತ್ತೆ ಕೂರಿಸುವ ಮೊದಲು ಅದರ ಪ್ಲಂಜರನ್ನು (ಚೈನನ್ನು ಒತ್ತುವ ಕಡ್ಡಿ) ಪೂರ್ತಿ ಒಳಗೆ ತಳ್ಳಿ, ಬೋಲ್ಟ್ ಬಿಗಿದ ಮೇಲೆ ಬಿಡಬೇಕು. ಬಿಚ್ಚಿದಾಗ ಪ್ಲಂಜರ್ ಎಷ್ಟು ಹೊರಗೆ ಬಂದಿತ್ತೆಂದು ನೋಡಿಕೊಳ್ಳಿ. ಕೊನೆಯ ಹಲ್ಲುಗಳವರೆಗೆ ಬಂದಿದ್ದರೆ ಚೈನೇ ಉದ್ದವಾಗಿದೆ, ಹೊಸ ಟೆನ್ಷನರ್ ಹಾಕಿ ಪ್ರಯೋಜನವಿಲ್ಲ.

ಸದ್ದೂ ಚಾರ್ಜಿಂಗೂ ಸೇರುವ ಜಾಗ

ಕ್ರ್ಯಾಂಕಿನ ವೇಗದಲ್ಲಿ, ಮ್ಯಾಗ್ನೆಟ್ ಕವರಿನ ಕಡೆಯಿಂದಲೇ ಬಡಿತ ಬರುತ್ತಿದ್ದು, ಜೊತೆಗೆ ಚಾರ್ಜಿಂಗ್ ಕುಸಿದಿದ್ದರೆ ಬಿಗ್ ಎಂಡ್ ಎಂದು ನಿರ್ಧರಿಸುವ ಮುನ್ನ ಈ ಕವರ್ ತೆಗೆಯಿರಿ. ಮ್ಯಾಗ್ನೆಟ್ ನಟ್ ಸಡಿಲವಾಗಿ ರೋಟರ್ (ಅಯಸ್ಕಾಂತಗಳಿರುವ ಚಕ್ರ) ಅದುರುತ್ತಿರಬಹುದು, ಅರ್ಧಚಂದ್ರಾಕಾರದ ಕೀ ತುಂಡಾಗಿ ಟೈಮಿಂಗ್ ಜಾರಿರಬಹುದು, ಅಂಟು ಬಿಟ್ಟ ಅಯಸ್ಕಾಂತದ ತುಂಡು ಕಾಯಿಲ್ ಪ್ಲೇಟಿಗೆ (ಕರೆಂಟ್ ಹುಟ್ಟುವ ತಂತಿ ಸುರುಳಿಗಳು ಕೂತಿರುವುದು) ಬಡಿಯುತ್ತಿರಬಹುದು. ಕಾಯಿಲಿನ ಕಬ್ಬಿಣದ ಮುಖಗಳಲ್ಲಿ ಹೊಳೆಯುವ ಗೀರುಗಳಿದ್ದರೆ ಸಾಕ್ಷಿ ಸಿಕ್ಕಂತೆ. ರೋಟರ್ ಹೊರತೆಗೆಯಲು ಸರಿಯಾದ ಪುಲ್ಲರ್ ಬೇಕೇ ಬೇಕು. ಸುತ್ತಿಗೆಯ ಏಟು ಕ್ರ್ಯಾಂಕನ್ನೂ ಅಯಸ್ಕಾಂತವನ್ನೂ ಹಾಳು ಮಾಡುತ್ತದೆ.

ಸೆಲ್ಫ್ ಸ್ಟಾರ್ಟರಿನ ಒನ್-ವೇ ಕ್ಲಚ್ಚೂ ಹೆಚ್ಚಿನ ಬೈಕುಗಳಲ್ಲಿ ಈ ರೋಟರಿನ ಹಿಂದೆಯೇ ಇರುತ್ತದೆ. ಬ್ಯಾಟರಿ ಸೋತಿದ್ದಾಗ ಇಂಜಿನ್ ನಿಧಾನ ತಿರುಗಿ, ಕಂಪ್ರೆಷನ್ನಿಗೆ ಸೋತು ಹಿಂದಕ್ಕೆ ಒದೆಯುತ್ತದೆ. ಆ ಒದೆತ ಒನ್-ವೇ ಕ್ಲಚ್ಚಿನ ರೋಲರುಗಳ ಮೇಲೆ ಬೀಳುತ್ತದೆ. ಸ್ಟಾರ್ಟ್ ಮಾಡುವಾಗ ಮಾತ್ರ ಕೇಳುವ ಠಣಾರ್ ಎಂಬ ಸದ್ದಿಗೆ ಇದು ಸಾಮಾನ್ಯ ಕಾರಣ. ಸೋತ ಬ್ಯಾಟರಿಯಲ್ಲಿ ಬಟನ್ ಒತ್ತುತ್ತಲೇ ಇರುವುದಕ್ಕಿಂತ ಕಿಕ್ ಹೊಡೆಯುವುದು ವಾಸಿ.

ಚಾರ್ಜಿಂಗ್: ಬ್ಯಾಟರಿಯಿಂದ ಶುರು

ಬ್ಯಾಟರಿಯನ್ನು ಚಾರ್ಜರಿನಲ್ಲಿ ತುಂಬಿಸದೆ ಮುಂದಿನ ಯಾವ ಅಳತೆಗೂ ಬೆಲೆಯಿಲ್ಲ. ಚಾರ್ಜ್ ಕರೆಂಟ್ ಸಾಮರ್ಥ್ಯದ ಹತ್ತನೇ ಒಂದು ಪಾಲು: 9 ಆಂಪಿಯರ್-ಅವರ್ ಬ್ಯಾಟರಿಗೆ 0.9 ಆಂಪಿಯರ್. ಮುಚ್ಚಳ ತೆರೆಯುವ ಮಾದರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆಸಿಡ್ ಅಲ್ಲ. ಚಾರ್ಜ್ ಮುಗಿಸಿ ಕೆಲವು ಗಂಟೆ ಬಿಟ್ಟು ಅಳೆದಾಗ 12.6ರಿಂದ 12.8 ವೋಲ್ಟ್ ಇರಬೇಕು. 12.2 ಎಂದರೆ ಅರ್ಧ. 10.5ರ ಹತ್ತಿರ ನಿಂತಿದ್ದರೆ ಆರು ಸೆಲ್ಲುಗಳಲ್ಲಿ ಒಂದು ಸತ್ತಿದೆ.

ವೋಲ್ಟೇಜ್ ಚೆನ್ನಾಗಿದ್ದ ಮಾತ್ರಕ್ಕೆ ಬ್ಯಾಟರಿ ಒಳ್ಳೆಯದಲ್ಲ. ಮೀಟರ್ ಹಿಡಿದುಕೊಂಡೇ ಸ್ಟಾರ್ಟರ್ ಒತ್ತಿ. 10ಕ್ಕಿಂತ ಮೇಲೆ ನಿಂತರೆ ಸರಿ, 9ಕ್ಕಿಂತ ಕೆಳಗೆ ಜಾರಿದರೆ ಒಳಗೆ ಸಲ್ಫೇಟ್ ಕಟ್ಟಿದೆ. ಇಂಥ ಬ್ಯಾಟರಿ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹಾಗಾಗಿ ಇಂಜಿನ್ ಓಡುವಾಗ ವೋಲ್ಟೇಜ್ ಬೇಗ ಏರಿ ಚಾರ್ಜಿಂಗ್ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಸೆಲ್ ಸತ್ತ ಬ್ಯಾಟರಿಯದು ಉಲ್ಟಾ: ಅದು ವೋಲ್ಟೇಜನ್ನು ಕೆಳಗೆ ಎಳೆದು, ತಪ್ಪಿಲ್ಲದ ರೆಗ್ಯುಲೇಟರಿನ (ಕಾಯಿಲಿನ ಎಸಿಯನ್ನು ಡಿಸಿ ಮಾಡಿ ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ) ಮೇಲೆ ಗೂಬೆ ಕೂರಿಸುತ್ತದೆ.

ಒಳ್ಳೆಯ ಬ್ಯಾಟರಿ ಕೂರಿಸಿ, ಹೆಡ್‌ಲೈಟ್ ಹಾಕಿ, ಇಂಜಿನ್ 4,000–5,000 ಸುತ್ತಿನಲ್ಲಿರುವಾಗ ಬ್ಯಾಟರಿ ತುದಿಗಳಲ್ಲೇ ಅಳೆಯಿರಿ. 13.8ರಿಂದ 14.5 ಸರಿ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ ಅಥವಾ ಅದರ ಅರ್ತ್ ಕೆಟ್ಟಿದೆ: ಬಲ್ಬುಗಳು ಸುಡುತ್ತವೆ, ಬ್ಯಾಟರಿ ಕುದಿಯುತ್ತದೆ. 13ಕ್ಕಿಂತ ಕೆಳಗೇ ಇದ್ದರೆ ಮುಂದೆ ನೋಡಿ. ಓಡುತ್ತಿರುವಾಗ ಬ್ಯಾಟರಿ ವೈರ್ ಕಳಚಿ ‘ಚಾರ್ಜಿಂಗ್ ಇದೆಯಾ’ ಎಂದು ನೋಡುವ ಹಳೆಯ ಚಾಳಿ ಬಿಡಿ, ಆ ಗಳಿಗೆಯಲ್ಲಿ ಏರುವ ವೋಲ್ಟೇಜ್ ಸಿಡಿಐಯನ್ನೂ (ಪ್ಲಗ್ಗಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬಿ) ರೆಗ್ಯುಲೇಟರನ್ನೂ ಸುಡಬಲ್ಲದು.

ವೈರು, ಕಾಯಿಲ್, ರೆಗ್ಯುಲೇಟರ್

ಈ ಮೂರರಲ್ಲಿ ವೈರನ್ನು ಮೊದಲು ಸಂಶಯಿಸಿ. ಇಂಜಿನ್ ಅದೇ ವೇಗದಲ್ಲಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ರೆಗ್ಯುಲೇಟರಿನ ಪಾಸಿಟಿವ್ ವೈರಿಗೆ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ನಡುವೆ ಎಲ್ಲೋ ತುಕ್ಕು, ಸಡಿಲ, ಸುಟ್ಟ ಫ್ಯೂಸ್ ಹಿಡಿಕೆ ಇದೆ. ಇದನ್ನೇ ನೆಗೆಟಿವ್‌ಗೂ ಮಾಡಿ. ಕಾಯಿಲಿನಿಂದ ರೆಗ್ಯುಲೇಟರಿಗೆ ಹೋಗುವ ಕನೆಕ್ಟರನ್ನು ಬಿಚ್ಚಿ ನೋಡಲೇಬೇಕು. ಪಿನ್ ಸಡಿಲವಾದರೆ ತಡೆ ಹೆಚ್ಚಿ ಬಿಸಿಯಾಗುತ್ತದೆ, ಬಿಸಿಗೆ ಪಿನ್ ಇನ್ನೂ ಸಡಿಲವಾಗುತ್ತದೆ, ಕೊನೆಗೆ ಪ್ಲಾಸ್ಟಿಕ್ ಕಂದಾಗಿ ಕರಗುತ್ತದೆ. ಕರಗಿದ್ದನ್ನು ಕತ್ತರಿಸಿ ಹೊಸ ಪಿನ್ ಕ್ರಿಂಪ್ ಮಾಡಿ. ಟೇಪ್ ಸುತ್ತಿದರೆ ಸಾಲದು.

ಕನೆಕ್ಟರ್ ಕಳಚಿದ್ದಾಗಲೇ ಕಾಯಿಲ್ ಅಳೆಯಿರಿ. ತ್ರೀ-ಫೇಸ್ ಆದರೆ ಒಂದೇ ಬಣ್ಣದ ಮೂರು ವೈರುಗಳಿರುತ್ತವೆ, ಬಹಳ ಕಡೆ ಹಳದಿ. ಯಾವ ಎರಡರ ನಡುವೆ ಅಳೆದರೂ ಒಂದು ಓಮ್‌ಗಿಂತ ಕಡಿಮೆ, ಮೂರೂ ಜೋಡಿಯಲ್ಲಿ ಸಮ ಇರಬೇಕು. ಮೀಟರ್ ಕಡ್ಡಿಗಳನ್ನೇ ಒಂದಕ್ಕೊಂದು ಮುಟ್ಟಿಸಿದಾಗ ತೋರುವ 0.2–0.3 ಓಮನ್ನು ಕಳೆಯಿರಿ. ಯಾವ ವೈರಿನಿಂದಲೂ ಇಂಜಿನ್ ಬಾಡಿಗೆ ದಾರಿ ಸಿಗಬಾರದು. ಹೆಡ್‌ಲೈಟ್ ನೇರವಾಗಿ ಎಸಿಯಲ್ಲಿ ಉರಿಯುವ ಹಳೆಯ ಸಿಂಗಲ್ ಫೇಸ್ ಬೈಕುಗಳಲ್ಲಿ ಮಾತ್ರ ಕಾಯಿಲಿನ ಒಂದು ತುದಿಯನ್ನು ಬೇಕೆಂದೇ ಅರ್ತ್ ಮಾಡಿರುತ್ತಾರೆ, ಅಲ್ಲಿ ದಾರಿ ಸಿಗುವುದೇ ಸರಿ. ಓಮ್ ಸರಿಯಿದ್ದರೂ ನಂಬಬೇಡಿ. ಇಂಜಿನ್ ಓಡಿಸಿ ಮೀಟರನ್ನು ಎಸಿ ವೋಲ್ಟಿಗಿಟ್ಟು ಮೂರು ಜೋಡಿಯನ್ನೂ ನೋಡಿ: ತ್ರೀ-ಫೇಸ್ ಕಾಯಿಲ್ ಐಡಲಿನಲ್ಲಿ ಸಾಮಾನ್ಯವಾಗಿ 15–20, 5,000 ಸುತ್ತಿಗೆ 50 ದಾಟುತ್ತದೆ, ಬರಿಗೈ ತಾಗಿಸಬೇಡಿ. ಅಂಕಿಗಿಂತ ಮೂರೂ ಸಮವಾಗಿ ಏರುವುದು ಮುಖ್ಯ. ಒಂದು ಹಿಂದುಳಿದರೆ ಕಾಯಿಲ್ ಒಳಗೇ ಶಾರ್ಟ್ ಆಗಿದೆ.

ಕಾಯಿಲ್, ವೈರು ಎರಡೂ ಪಾಸಾದರೆ ಉಳಿದದ್ದು ರೆಗ್ಯುಲೇಟರ್. ಅದನ್ನು ಕಳಚಿ, ಮೀಟರಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಪರೀಕ್ಷೆಯಲ್ಲಿ ಕೆಂಪು ಕಡ್ಡಿಯನ್ನು ಒಂದೊಂದು ಹಳದಿ ಪಿನ್ನಿಗೆ, ಕಪ್ಪನ್ನು ಪಾಸಿಟಿವ್ ಪಿನ್ನಿಗೆ ಇಟ್ಟಾಗ 0.4–0.7 ಬರಬೇಕು. ಅದಲುಬದಲು ಮಾಡಿದಾಗ ಏನೂ ಬರಬಾರದು. ಇಲ್ಲಿ ಫೇಲಾದರೆ ಕೆಟ್ಟಿದೆ ಎಂಬುದು ಖಚಿತ. ಪಾಸಾದರೆ ಒಳ್ಳೆಯದು ಎಂಬುದು ಖಚಿತವಲ್ಲ, ಏಕೆಂದರೆ ಕೆಲವು ಬಿಸಿಯಾದ ಮೇಲಷ್ಟೇ ಕೈಕೊಡುತ್ತವೆ. ಹಳೆಯ ಬೈಕುಗಳ ಶಂಟ್ ಮಾದರಿಯ ರೆಗ್ಯುಲೇಟರ್ ಬೇಡದ ಕರೆಂಟನ್ನು ತನ್ನ ಮೂಲಕವೇ ಶಾರ್ಟ್ ಮಾಡಿ ಕಾಯಿಲಿಗೆ ಹಿಂತಿರುಗಿಸುತ್ತದೆ. ಆದ್ದರಿಂದ ಎಲ್‌ಇಡಿ ಬಲ್ಬು ಹಾಕಿ ಲೋಡ್ ಇಳಿಸಿದರೆ ಅದಕ್ಕೆ ಬಿಡುವು ಸಿಗುವುದಿಲ್ಲ, ಕೆಲಸ ಹೆಚ್ಚುತ್ತದೆ. ರೆಗ್ಯುಲೇಟರನ್ನು ಗಾಳಿ ತಾಗುವ ಜಾಗದಲ್ಲಿ, ಲೋಹಕ್ಕೆ ಒತ್ತಿ ಕೂರುವಂತೆ ಫಿಟ್ ಮಾಡಿ.

ಎಲ್ಲ ಸರಿಯಿದ್ದೂ ನಿಲ್ಲಿಸಿದ ಬೈಕಿನ ಬ್ಯಾಟರಿ ಖಾಲಿಯಾಗುತ್ತಿದ್ದರೆ ಸೋರಿಕೆ ಹುಡುಕಬೇಕು. ಕೀ ಆಫ್ ಮಾಡಿ, ನೆಗೆಟಿವ್ ವೈರ್ ಕಳಚಿ, ಅದಕ್ಕೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪಿಯರ್ ರಂಧ್ರದಲ್ಲಿ ಜೋಡಿಸಿ, ಕಡಿಮೆ ತೋರಿದರೆ ಮಿಲಿಆಂಪಿಯರ್‌ಗೆ ಇಳಿಸಿ. ಆಗ ಸ್ಟಾರ್ಟರ್ ಮುಟ್ಟಬಾರದು, ಮೀಟರಿನ ಫ್ಯೂಸ್ ಹೋಗುತ್ತದೆ. ಗಡಿಯಾರ, ಅಲಾರಂ ಇಲ್ಲದ ಬೈಕಿನಲ್ಲಿ 1 ಮಿಲಿಆಂಪಿಯರ್ ಕೂಡ ಇರಬಾರದು. 20 ಇದ್ದರೆ 9 ಆಂಪಿಯರ್-ಅವರ್ ಬ್ಯಾಟರಿ 19 ದಿನಕ್ಕೆ ಪೂರ್ತಿ ಬರಿದು, ಸ್ಟಾರ್ಟರ್ ತಿರುಗಿಸುವ ಶಕ್ತಿ ಅದಕ್ಕಿಂತ ಬಹಳ ಮೊದಲೇ ಹೋಗಿರುತ್ತದೆ. ಮೀಟರ್ ನೋಡುತ್ತಲೇ ರೆಗ್ಯುಲೇಟರ್ ಕನೆಕ್ಟರ್ ಕಳಚಿ. ಸೊನ್ನೆಗೆ ಇಳಿದರೆ ಅದರ ಡಯೋಡ್ ಸೋರುತ್ತಿದೆ. ಇಳಿಯದಿದ್ದರೆ ಇಗ್ನಿಷನ್ ಸ್ವಿಚ್ಚಿನ ಕನೆಕ್ಟರ್, ಆಮೇಲೆ ಬ್ಯಾಟರಿಗೆ ನೇರವಾಗಿ ಜೋಡಿಸಿದ ಹಾರ್ನ್ ರಿಲೇ, ಮೊಬೈಲ್ ಚಾರ್ಜರ್ ಹೀಗೆ ಒಂದೊಂದಾಗಿ ಕಳಚುತ್ತಾ ಹೋಗಿ.