ವಿಂಡೋಸ್ 7 ಬಿಟ್ಟ ಲ್ಯಾಪ್‌ಟಾಪ್, ಬಿಡದ ನುಡಿ ಫೈಲುಗಳು

ಅರಸೀಕೆರೆಯ ಚಿಕ್ಕಪ್ಪನ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕುವ ಕೆಲಸ ಎಲ್ಲಿಗೆ ಬಂತು ಅಂತ ಬರೆದಿಡುತ್ತಿದ್ದೇನೆ. ಎರಡನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ವಿಂಡೋಸ್ 7. ಯಂತ್ರ ಕೆಟ್ಟಿಲ್ಲ. ಕೀಲಿಗಳ ಮೇಲಿನ ಅಕ್ಷರ ಸವೆದಿವೆ, ಅಷ್ಟೇ.

ಇದನ್ನು ಮೂಲೆಗೆ ತಳ್ಳಿದ್ದು ಬ್ರೌಸರ್. ವಿಂಡೋಸ್ 7ಕ್ಕೆ ಬೆಂಬಲ ನಿಂತಿದ್ದು 2020ರ ಜನವರಿಯಲ್ಲಿ. ಚಿಕ್ಕಪ್ಪನಿಗೆ ಅದು ಗೊತ್ತೇ ಆಗಲಿಲ್ಲ. ಬಿಸಿ ತಟ್ಟಿದ್ದು ಕ್ರೋಮ್ 109ಕ್ಕೆ ನಿಂತ ಮೇಲೆ. 2023ರ ಫೆಬ್ರುವರಿಯಲ್ಲಿ ಬಂದ 110 ಇದರಲ್ಲಿ ಓಡುವುದಿಲ್ಲ. ಫೈರ್‌ಫಾಕ್ಸ್ 115 ಹಾಕಿ ಒಂದಷ್ಟು ಕಾಲ ತಳ್ಳಿದೆವು. ಕೊನೆಗೆ ಒಂದು ಬ್ಯಾಂಕಿನ ಪುಟ, ಬ್ರೌಸರ್ ಹಳೆಯದು ಅಂತ ಒಳಗೇ ಬಿಡಲಿಲ್ಲ.

"ಹೊಸದು ತಗೊಳ್ಳಿ ಚಿಕ್ಕಪ್ಪ" ಅಂದೆ.

"ಇದಕ್ಕೇನಾಗಿದೆ ಅಂತ ಮೊದಲು ಹೇಳು. ಆಮೇಲೆ ತಗೋತೀನಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಂಡೋಸ್ 10 ಹಾಕೋಣ ಅಂದರೆ ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದರಲ್ಲಿಲ್ಲ. ಪ್ರೊಸೆಸರ್ ಅಂತೂ 11 ಒಪ್ಪುವವುಗಳ ಪಟ್ಟಿಯ ಹತ್ತಿರಕ್ಕೂ ಬರುವುದಿಲ್ಲ.

ಮೊದಲ ವಾರಾಂತ್ಯ

ಹಾಕಿದ್ದು ಲಿನಕ್ಸ್ ಮಿಂಟ್ 22, ಹಳೆಯ ಯಂತ್ರಕ್ಕೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಇನ್ನೊಂದು ಲಿನಕ್ಸ್ ಆದ ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಬರುತ್ತದೆ. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ತಯಾರಿಸಲು ಚಿಕ್ಕಪ್ಪನ ಯಂತ್ರವನ್ನೇ ಬಳಸಲು ಹೋದರೆ ಅಲ್ಲೂ ಅದೇ ಕಥೆ. ಆ ಪೆನ್‌ಡ್ರೈವ್ ತಯಾರಿಸುವ ರೂಫಸ್ ತಂತ್ರಾಂಶ ಕೂಡ 4.0ರಿಂದ ವಿಂಡೋಸ್ 7 ಬಿಟ್ಟಿದೆ! ಹಳೆಯ 3.22 ಹುಡುಕಿ ಇಳಿಸಿಕೊಂಡೆ. ಹಳೇ ಸಿಸ್ಟಂನಿಂದ ಹೊರಗೆ ಹೋಗುವ ಬಾಗಿಲೂ ಮುಚ್ಚುತ್ತಾ ಬಂದಿದೆ ಅನ್ನಿ.

ಹಾರ್ಡ್ ಡಿಸ್ಕ್ ತೆಗೆದು 240 ಜಿಬಿಯ ಎಸ್‌ಎಸ್‌ಡಿ ಹಾಕಿದೆ. ಹಳೆಯ ಡಿಸ್ಕನ್ನು ಹಾಗೇ ಜೋಪಾನವಾಗಿ ಎತ್ತಿಟ್ಟಿದ್ದೇನೆ. ನೀವೂ ಹೀಗೇ ಮಾಡಿ. ಏನೇ ಎಡವಟ್ಟಾದರೂ ಹಳೆಯದು ಕೈಯಲ್ಲಿರುತ್ತದೆ. ಇನ್‌ಸ್ಟಾಲ್ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಸುಮ್ನೆ ಮುಂದೆ ಮುಂದೆ ಅಂತ ಒತ್ತಿದ್ದು. ವೈಫೈ ತಾನಾಗಿ ಸಿಕ್ಕಿತು. ಪ್ರಿಂಟರ್ ಸ್ವಲ್ಪ ಸತಾಯಿಸಿತು. ಹಳೆಯ ಲೇಸರ್ ಪ್ರಿಂಟರ್, ಆನ್ ಮಾಡಿದಾಗಲೆಲ್ಲ ಅದಕ್ಕೆ ಫರ್ಮ್‌ವೇರ್ ಕಂಪ್ಯೂಟರ್‌ನಿಂದಲೇ ಹೋಗಬೇಕು. ಅದರ ಪ್ಲಗಿನ್ ಬೇರೆಯಾಗಿ ಇಳಿಸಿದ ಮೇಲೆ ಸರಿಹೋಯಿತು.

ಟೈಪಿಂಗ್

ಚಿಕ್ಕಪ್ಪ ನಿವೃತ್ತ ನೌಕರರ ಸಂಘದ ಕಾರ್ಯದರ್ಶಿ. ನಡಾವಳಿ, ಮನವಿ, ಊರಿನ ಪತ್ರಿಕೆಗೆ ಲೇಖನ, ಎಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲೇ ಬರೆದವರು. ಒತ್ತಕ್ಷರಕ್ಕೆ ಎಫ್ ಒತ್ತುವುದು ಅವರ ಬೆರಳಿಗೇ ಗೊತ್ತು. ಹೊಸ ಕೀಲಿಮಣೆ ಕಲಿಯಿರಿ ಅಂದರೆ ಲಿನಕ್ಸ್ ಕಥೆ ಅಲ್ಲಿಗೇ ಮುಗೀತಿತ್ತು. ಅದೃಷ್ಟಕ್ಕೆ ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಲು ಬಳಸುವ ಐಬಸ್ ಜೊತೆ, ಕೀಲಿಮಣೆಗಳ ಸಂಗ್ರಹವಾದ ಎಂ17ಎನ್ ಹಾಕಿದರೆ ನುಡಿಯ ಕಗಪ ವಿನ್ಯಾಸ ಸಿಗುತ್ತದೆ. ಕನ್ನಡ ಕಂಪ್ಯೂಟಿಂಗ್‌ನ ಹಿರಿಯರಾದ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು ಬಂದ ಅದೇ ಕೀಲಿಮಣೆ. ಗುಬ್ಬಿ, ನವಿಲು ಫಾಂಟುಗಳೂ ಮಿಂಟ್‌ನ ಸಂಗ್ರಹದಲ್ಲೇ ಇವೆ. ಚಿಕ್ಕಪ್ಪ ಕೂತು ಒಂದು ಪುಟ ಹೊಡೆದರು. ಏನು ಬದಲಾಗಿದೆ ಅಂತ ಕೇಳಲೂ ಇಲ್ಲ.

ಹಳೆಯ ಫೈಲುಗಳು

ನಿಜವಾದ ಕೆಲಸ ಶುರುವಾಗಿದ್ದು ಇಲ್ಲಿ. ಸಂಘದ ವರ್ಷಾನುಗಟ್ಟಲೆಯ ನಡಾವಳಿ ಲಿನಕ್ಸ್‌ನ ಲಿಬ್ರೆಆಫೀಸ್‌ನಲ್ಲಿ (ವರ್ಡ್‌ನಂಥದ್ದು) ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಗೀಟು, ಚುಕ್ಕೆ. ಹಳೆಯ ನುಡಿ ಫೈಲಿನಲ್ಲಿ ಕನ್ನಡ ಇರುವುದೇ ಇಲ್ಲ ನೋಡಿ. ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕನ್ನಡದ ವೇಷ ತೊಡಿಸುವುದು ಫಾಂಟ್.

ಓದುವುದಕ್ಕಷ್ಟೇ ಸಾಕು ಅಂದರೆ ಹಳೆಯ ಡಿಸ್ಕಿನಿಂದ ನುಡಿ ಫಾಂಟುಗಳನ್ನು ತಂದು ಹಾಕಿದರೆ ಮುಗಿಯಿತು. ನಾನೂ ಮೊದಲು ಅಷ್ಟೇ ಮಾಡಿದೆ. ಆದರೆ ಅವುಗಳಲ್ಲಿ ಹುಡುಕಲು ಆಗುವುದಿಲ್ಲ, ವಾಟ್ಸಾಪ್‌ಗೆ ಅಂಟಿಸಲು ಆಗುವುದಿಲ್ಲ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯುನಿಕೋಡ್‌ಗೆ ತರಲೇಬೇಕು.

ಒಂದು ಅಕ್ಷರ ತೆಗೆದು ಇನ್ನೊಂದು ಹಾಕಿದರೆ ಸಾಲದು. ನುಡಿಯಲ್ಲಿ ‘ಮ’ ಒಂದೇ ತುಂಡಲ್ಲ, ಚೂರುಗಳನ್ನು ಜೋಡಿಸಿ ಬರೆದದ್ದು. ಅರ್ಕಾವತ್ತು ಇನ್ನೂ ತಂಟೆ. ‘ಧರ್ಮ’ ಅಂತ ಬರೆದರೆ ನುಡಿ ಫೈಲಿನಲ್ಲಿ ಅರ್ಕಾವತ್ತು ‘ಮ’ ಆದ ಮೇಲೆ ಬರುತ್ತದೆ, ಕಣ್ಣಿಗೆ ಕಂಡ ಹಾಗೇ. ಯುನಿಕೋಡ್‌ನಲ್ಲಿ ‘ರ್’ ಮೊದಲು, ‘ಮ’ ಆಮೇಲೆ, ಉಚ್ಚಾರದ ಹಾಗೆ. ಹಿಂದಕ್ಕೆ ಹೋಗಿ ಸರಿಯಾದ ಜಾಗದಲ್ಲಿ ಕೂರಿಸಬೇಕು. ಇಷ್ಟನ್ನು ಮಾಡುವ ಉಚಿತ ಪರಿವರ್ತಕಗಳಿವೆ, ಚೆನ್ನಾಗಿಯೇ ಮಾಡುತ್ತವೆ.

ನನಗೆ ತಲೆನೋವಾಗಿದ್ದು ಬೇರೆ. ನಡಾವಳಿಯ ನಡುನಡುವೆ ನಿಜವಾದ ಇಂಗ್ಲಿಷ್ ಇದೆ: ಆದೇಶದ ಸಂಖ್ಯೆ, ಮಿಂಚಂಚೆ ವಿಳಾಸ. ಬರೀ ಪಠ್ಯ ತೆಗೆದು ಪರಿವರ್ತಕಕ್ಕೆ ಕೊಟ್ಟರೆ ಅವೂ ಕನ್ನಡದ ಕಿಚಡಿಯಾಗಿ ಬರುತ್ತವೆ. ಯಾವುದು ನುಡಿ, ಯಾವುದು ಇಂಗ್ಲಿಷ್ ಅಂತ ಹೇಳುವುದು ಫಾಂಟಿನ ಹೆಸರು ಮಾತ್ರ. ಅದಕ್ಕೇ ಫೈಲುಗಳನ್ನು ಲಿಬ್ರೆಆಫೀಸ್‌ನದೇ ಆದ ಒಡಿಟಿ ರೂಪಕ್ಕೆ ತಂದೆ. ಒಡಿಟಿ ಅಂದರೆ ಒಂದು ಜಿಪ್. ಬಿಚ್ಚಿದರೆ ಒಳಗಿನ ಎಕ್ಸ್‌ಎಂಎಲ್‌ನಲ್ಲಿ ಯಾವ ತುಂಡಿಗೆ ಯಾವ ಶೈಲಿ, ಆ ಶೈಲಿಗೆ ಯಾವ ಫಾಂಟ್ ಎಂದು ಬರೆದಿರುತ್ತದೆ. ನುಡಿ ಎಂದಿರುವ ತುಂಡುಗಳನ್ನಷ್ಟೇ ಬದಲಿಸುವ ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದೆ. ಈಗ ಇಂಗ್ಲಿಷ್ ಇಂಗ್ಲಿಷಾಗೇ ಉಳಿಯುತ್ತಿದೆ. ಒಂದೇ ಪದದ ಅರ್ಧ ಒಂದು ತುಂಡಿನಲ್ಲಿ, ಇನ್ನರ್ಧ ಇನ್ನೊಂದರಲ್ಲಿ ಬಿದ್ದಾಗ ಅರ್ಕಾವತ್ತು ಈಗಲೂ ತಪ್ಪುತ್ತದೆ. ಅಕ್ಕಪಕ್ಕದ ಒಂದೇ ಶೈಲಿಯ ತುಂಡುಗಳನ್ನು ಮೊದಲೇ ಸೇರಿಸಿಬಿಡಬೇಕು. ಮುಂದಿನ ಕೆಲಸ ಅದೇ.

ಸದ್ಯಕ್ಕೆ

ಬ್ಯಾಂಕ್, ಪಿಂಚಣಿ ಪುಟ, ಯೂಟ್ಯೂಬ್ ಎಲ್ಲ ನಡೆಯುತ್ತಿವೆ. ಬ್ರೌಸರ್‌ನಲ್ಲಿ ಜಾಸ್ತಿ ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ, 4 ಜಿಬಿ ಅಲ್ವಾ. ಇನ್ನೊಂದು 4 ಹಾಕುವ ಯೋಚನೆ ಇದೆ.

ಬಾಕಿ ಇರುವುದು ಪತ್ರಿಕೆಯ ಕೆಲಸ. ಅಲ್ಲಿನ ಡಿಟಿಪಿಯವರು ಇನ್ನೂ ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲೇ ಪುಟ ಕಟ್ಟುತ್ತಾರೆ. ಯುನಿಕೋಡ್ ಕಳಿಸಿದರೆ "ಸಾರ್, ನುಡೀಲಿ ಕೊಡಿ" ಅಂತಾರೆ. ಹಾಗಾಗಿ ಸ್ಕ್ರಿಪ್ಟನ್ನು ಉಲ್ಟಾ ದಿಕ್ಕಿಗೂ ಬರೆಯಬೇಕು. ಅದು ಆಗುವವರೆಗೆ ಚಿಕ್ಕಪ್ಪ ಲೇಖನದ ಪ್ರಿಂಟ್ ತೆಗೆದು ಕೊಟ್ಟು ಬರುತ್ತಿದ್ದಾರೆ, ಅವರು ಮತ್ತೆ ಟೈಪ್ ಮಾಡಿಕೊಳ್ಳುತ್ತಿದ್ದಾರೆ.