‘ಹುಡುಗಿ ಬರೇ ಮಲ್ಕೊಂಡಿರ್ತಾಳ, ಅದರಾಗ ನೋಡಾಕ ಏನೈತಿ?’

ಹಳೆಯ ಕಾರ್ಟೂನ್ ಸಿನಿಮಾಗಳ ಬಗ್ಗೆ ಬರೆಯುವವರನ್ನು ಬಾಗಲಕೋಟೆ, ಜಮಖಂಡಿ, ಬೆಳಗಾವಿ ಕಡೆಯ ತಂದೆ-ತಾಯಿಗಳು, ಶಾಲೆಯ ಮಾಸ್ತರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವುದು ಡಿಸ್ನಿಯವರ 1959ರ ‘ಸ್ಲೀಪಿಂಗ್ ಬ್ಯೂಟಿ’ ಬಗ್ಗೆ. ಇಂಥ ಚಿತ್ರ ಮತ್ತೆ ಬರಲಿಲ್ಲ ಅನ್ನುವವರೂ ಇದ್ದಾರೆ, ಇಪ್ಪತ್ತು ನಿಮಿಷಕ್ಕೆ ಮೊಬೈಲ್ ಕೈಗೆತ್ತಿಕೊಂಡವರೂ ಇದ್ದಾರೆ. ಹುಡುಗಿ ಮಲಗಿರುವುದು ಖರೆ. ಆದರೆ ಸಿನಿಮಾ ಅವಳದಲ್ಲ. ಇನ್ನು ಬೇಜಾರಾಯಿತು ಅನ್ನುವವರಲ್ಲಿ ಬಹಳ ಮಂದಿ ಚಿತ್ರದ ಮುಕ್ಕಾಲು ಭಾಗವನ್ನೂ ಕಂಡಿರುವುದಿಲ್ಲ. ಉಳಿದದ್ದನ್ನು ಅವರ ಟಿವಿಯೇ ಕತ್ತರಿಸಿ ಒಗೆದಿರುತ್ತದೆ.

ಕತೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ರಾಜ ಸ್ಟೆಫನ್‌ಗೆ ಬಹಳ ವರ್ಷದ ಮೇಲೆ ಮಗಳು ಹುಟ್ಟುತ್ತಾಳೆ, ಹೆಸರು ಅರೋರಾ. ನಾಮಕರಣಕ್ಕೆ ಊರೆಲ್ಲ ಬರುತ್ತದೆ, ಕರೆ ಹೋಗದೇ ಇರುವುದು ಮಲೆಫಿಸೆಂಟ್ ಎಂಬ ಮಾಟಗಾತಿಗೆ ಮಾತ್ರ. ಅವಳು ಬಂದು ನಿಂತು, ಹದಿನಾರನೇ ಹುಟ್ಟುಹಬ್ಬದ ದಿನ ಹೊತ್ತು ಮುಳುಗುವುದರೊಳಗೆ ರಾಟಿಯ ಕದಿರು ಚುಚ್ಚಿ ಈ ಕೂಸು ಸಾಯುತ್ತದೆ ಎಂದು ಶಾಪ ಹಾಕುತ್ತಾಳೆ. ಫ್ಲೋರಾ, ಫಾನಾ, ಮೆರಿವೆದರ್ ಎಂಬ ಮೂವರು ಯಕ್ಷಿಣಿಯರಲ್ಲಿ ಕೊನೆಯವಳು ಸಾವನ್ನು ನಿದ್ದೆಗೆ ಇಳಿಸುತ್ತಾಳೆ, ನಿಜವಾದ ಪ್ರೀತಿಯ ಮುತ್ತಿನಿಂದ ಎಚ್ಚರವಾಗಲಿ ಎನ್ನುತ್ತಾಳೆ. ಅಲ್ಲಿಂದ ಮೂವರೂ ಮಂತ್ರದಂಡ ಬದಿಗಿಟ್ಟು, ಕೂಸನ್ನು ಕಾಡಿನ ಗುಡಿಸಲಿಗೆ ಒಯ್ದು ಹದಿನಾರು ವರ್ಷ ಸಾಕುತ್ತಾರೆ.

ನಮ್ಮ ಕಡೆಯ ಪ್ರೇಕ್ಷಕರಿಗೆ ಮಲೆಫಿಸೆಂಟಳ ಸಿಟ್ಟನ್ನು ಬಿಡಿಸಿ ಹೇಳುವ ಕೆಲಸ ಬೀಳುವುದಿಲ್ಲ. ತೊಟ್ಟಿಲ ಕಾರ್ಯಕ್ಕೆ ಒಂದು ಮನೆಗೆ ಹೇಳುವುದು ಬಿಟ್ಟರೆ ಮುಂದಿನ ಲಗ್ನದ ತನಕ ಮಾತಿಲ್ಲದ ಓಣಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವಳು ಬಂದದ್ದೂ ಸೌಜನ್ಯದಿಂದಲೇ, ಮಾತೂ ಮೆತ್ತಗೆ. ‘ನೀನು ಬರುವುದು ಬೇಕಿರಲಿಲ್ಲ’ ಎಂದು ಮೆರಿವೆದರ್ ಮುಖಕ್ಕೆ ಹೇಳಿದ ಮೇಲೆಯೇ ಸಭೆ ಕೆಡುವುದು. ಮಲೆಫಿಸೆಂಟಳನ್ನು ಚಿತ್ರಿಸಿದವರು ಮಾರ್ಕ್ ಡೇವಿಸ್, ದನಿ ಕೊಟ್ಟವರು ಎಲೀನರ್ ಆಡ್ಲಿ. ಕೈಕಾಲು ಹೆಚ್ಚು ಆಡಿಸದೆ, ಗಲ್ಲ ಎತ್ತಿ ನಿಂತು ಮಾತಾಡುವುದರಲ್ಲೇ ಅಂಜಿಕೆ ಹುಟ್ಟಿಸುವ ಪಾತ್ರ ಅದು. ಅವಳ ಬಗ್ಗೆ ಮಾತ್ರ ಎರಡು ಪಂಗಡದವರಲ್ಲೂ ತಕರಾರಿಲ್ಲ.

ಈಗ ರಾಜಕುಮಾರಿಯ ವಿಷಯ. 75 ನಿಮಿಷದ ಚಿತ್ರದಲ್ಲಿ ಅರೋರಾ ತೆರೆಯ ಮೇಲೆ ಇರುವುದು ಸುಮಾರು 18 ನಿಮಿಷ. ತಾನು ರಾಜನ ಮಗಳು, ಕಾಡಿನಲ್ಲಿ ಕಂಡ ಹುಡುಗನನ್ನು ಮರೆಯಬೇಕು ಎಂದು ಗುಡಿಸಲಿನಲ್ಲಿ ತಿಳಿದಾಗ ಅತ್ತು ಒಳಗೆ ಓಡುತ್ತಾಳಲ್ಲ, ಆಮೇಲೆ ಚಿತ್ರ ಮುಗಿಯುವ ತನಕ ಅವಳ ಬಾಯಿಂದ ಒಂದು ಮಾತಿಲ್ಲ. ಎದ್ದ ಮೇಲೂ ಇಲ್ಲ. ಹಾಗಾಗಿ ಆಕ್ಷೇಪಣೆಯಲ್ಲಿ ಹುರುಳಿದೆ, ‘ಆ ಕಾಲ ಹಾಗಿತ್ತು’ ಎಂದು ತೇಲಿಸಬೇಕಾಗಿಲ್ಲ. ಆದರೆ ಅವಳು ಸಿನಿಮಾ ಪೂರ್ತಿ ಮಲಗಿರುತ್ತಾಳೆ ಎಂಬುದು ಸುಳ್ಳು. ಫ್ರೆಂಚ್ ಲೇಖಕ ಪೆರೋ 1697ರಲ್ಲಿ ಬರೆದ ಕತೆಯಲ್ಲಿ ನೂರು ವರ್ಷದ ನಿದ್ದೆ. ಇಲ್ಲಿ ಹೊತ್ತು ಮುಳುಗುವಾಗ ಬಿದ್ದವಳು ಒಂದು ರಾತ್ರಿಯ ಲೆಕ್ಕದಲ್ಲಿ ಏಳುತ್ತಾಳೆ. ಆ ನೂರು ವರ್ಷವನ್ನು ಡಿಸ್ನಿಯವರು ಚೆಲ್ಲಿಲ್ಲ, ಮಲೆಫಿಸೆಂಟಳ ಬಾಯಿಗೆ ಕೊಟ್ಟಿದ್ದಾರೆ. ಕಾಡಿನಲ್ಲಿ ಕಂಡ ಆ ಹುಡುಗನೇ ರಾಜಕುಮಾರ ಫಿಲಿಪ್; ಸೆರೆಯಲ್ಲಿರುವ ಅವನ ಮುಂದೆ ನಿಂತು, ನೂರು ವರ್ಷ ಆದ ಮೇಲೆ ನಿನ್ನನ್ನು ಬಿಡುತ್ತೇನೆ, ಆಗ ಮುದಿ ಕುದುರೆ ಮೇಲೆ ಮುದುಕನಾಗಿ ಅವಳನ್ನು ಎಬ್ಬಿಸಲು ಹೋಗು ಎಂದು ಅಣಕಿಸುತ್ತಾಳೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಕ್ರೂರವಾದ ಜಾಗ ಇನ್ನೊಂದಿಲ್ಲ, ಮೂಲ ಕತೆಗಿಂತ ಚುರುಕಾದದ್ದೂ ಇದೇ.

ಹಾಗಾದರೆ ಕೆಲಸ ಮಾಡುವವರು ಯಾರು? ಮೂವರು ಮುದುಕಿಯರು. ಶಾಪ ತಗ್ಗಿಸಿದ್ದು, ಕೂಸು ಬೆಳೆಸಿದ್ದು, ಅರಮನೆಯನ್ನೆಲ್ಲ ನಿದ್ದೆಗೆ ಹಾಕಿದ್ದು, ಫಿಲಿಪ್‌ನ ಸಂಕಲೆ ಕತ್ತರಿಸಿದ್ದು, ಅವನ ಕೈಗೆ ಕತ್ತಿ-ಗುರಾಣಿ ಕೊಟ್ಟಿದ್ದು ಎಲ್ಲ ಅವರೇ. ಕೊನೆಗೆ ಘಟಸರ್ಪವಾಗಿ ನಿಂತ ಮಲೆಫಿಸೆಂಟಳಿಗೆ ಗುರಿ ತಪ್ಪದಂತೆ ಕತ್ತಿಗೆ ಮಂತ್ರ ಹಾಕುವವಳೂ ಫ್ಲೋರಾ. ಮಕ್ಕಳಿಗೆ ತೋರಿಸುವಾಗ ಇಂಗ್ಲಿಷ್ ಹೆಸರು ಕಲಿಸುವ ಗೊಡವೆ ಬೇಡ. ಉಡುಪಿನ ಬಣ್ಣ ನೋಡಿ ಫ್ಲೋರಾ ಕೆಂಪಾಯಿ, ಫಾನಾ ಹಸಿರಾಯಿ, ಮೆರಿವೆದರ್ ನೀಲಾಯಿ ಎಂದು ಮೊದಲೇ ಹೇಳಿಬಿಟ್ಟು, ‘ಇದು ಈ ಮೂರು ಆಯಿಗಳ ಕತಿ’ ಅಂದರೆ ಸಾಕು. ರಾಜಕುಮಾರಿ ಯಾವಾಗ ಬರುತ್ತಾಳೆ ಎಂದು ಕಾಯುವ ಮಗು ಬೇಜಾರಾಗುತ್ತದೆ, ಆಯಿಗಳ ಜಗಳ ನೋಡುವ ಮಗು ಬೇಜಾರಾಗುವುದಿಲ್ಲ.

ಆ ಜಗಳದ ಹತ್ತಿರದ ನೋಟ ಬೇಕೆಂದರೆ ಹುಟ್ಟುಹಬ್ಬದ ದೃಶ್ಯ ನೋಡಿ. ಮಂತ್ರವಿಲ್ಲದೆ ಕೆಂಪಾಯಿ ಅಂಗಿ ಹೊಲಿಯಬೇಕು, ಹಸಿರಾಯಿ ಕೇಕ್ ಮಾಡಬೇಕು. ಹದಿನಾರು ವರ್ಷದಲ್ಲಿ ಇಬ್ಬರೂ ಎರಡನ್ನೂ ಕಲಿತಿಲ್ಲ. ಕೆಂಪಾಯಿ ಅಳತೆಯಿಲ್ಲದೆ ಬಟ್ಟೆಯನ್ನು ನೀಲಾಯಿಯ ತಲೆ ಮೇಲೆ ಹೊದಿಸಿ, ನಡುವೆ ದುಂಡಗೆ ಕತ್ತರಿಸುತ್ತಾಳೆ. ಈ ತೂತು ಯಾಕೆ ಅಂದರೆ ಕಾಲು ಹೋಗಲಿಕ್ಕೆ ಎನ್ನುತ್ತಾಳೆ ಹಸಿರಾಯಿ. ಅವಳೇ ಪುಸ್ತಕ ಓದಿ, ಮೊಟ್ಟೆಯನ್ನು ‘ಮೆಲ್ಲಗೆ ಮಡಚಿ ಸೇರಿಸು’ ಎಂದು ಬರೆದದ್ದಕ್ಕೆ ಸಿಪ್ಪೆ ಸಮೇತ ಹಿಟ್ಟಿನೊಳಗೆ ಮಡಚುತ್ತಾಳೆ. ಗುಳೇದಗುಡ್ಡ, ಇಳಕಲ್, ರಬಕವಿ-ಬನಹಟ್ಟಿಯಂಥ ಮಗ್ಗದ ಊರಿನ ಮಂದಿಗೆ ಅಂಗಿಯ ತಮಾಷೆ ಬೇರೆಯವರಿಗಿಂತ ಒಂದು ಕೈ ಹೆಚ್ಚೇ ಹತ್ತುತ್ತದೆ. ಅದೇ ಊರುಗಳಿಂದ ಬರಬಹುದಾದ ಇನ್ನೊಂದು ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ: ಶಾಪಕ್ಕೆ ಅಂಜಿ ರಾಜ ತನ್ನ ರಾಜ್ಯದ ರಾಟಿಗಳನ್ನೆಲ್ಲ ಸುಡಿಸಿದ ಮೇಲೆ ಹದಿನಾರು ವರ್ಷ ನೂಲು ಎಲ್ಲಿಂದ ಬಂತು? ಕದಿರು ಚುಚ್ಚುತ್ತದಾ ಎಂದು ಪೇಟೆಯ ಮಕ್ಕಳು ಕೇಳಿದರೆ, ಚರಕದ ಉಕ್ಕಿನ ಕದಿರಿನ ಚೂಪು ತುದಿ ತೋರಿಸಿ. ಮಾತು ಮುಗಿಯಿತು.

ಹೊಗಳುವವರು ಹೊಗಳುವುದು ಮುಖ್ಯವಾಗಿ ಹಿನ್ನೆಲೆಯ ಚಿತ್ರಗಳನ್ನು. ಅವಕ್ಕೆ ರೂಪ ಕೊಟ್ಟವರು ಐವಿಂಡ್ ಅರ್ಲ್. ಯುರೋಪಿನ ಮಧ್ಯಯುಗದ ನೇಯ್ದ ಚಿತ್ರಪಟಗಳು, ಹಸ್ತಪ್ರತಿಗಳ ಚಿತ್ರಗಳು ಅವರಿಗೆ ಮಾದರಿ. ಮರಗಳು ಚೌಕ, ಪೊದೆಗಳು ಕತ್ತರಿ ಆಡಿಸಿದಂತೆ, ಬಂಡೆಗಳೆಲ್ಲ ನೆಟ್ಟಗಿನ ಗೆರೆಗಳು. ಹಿಂದಿನ ಚಿತ್ರಗಳಲ್ಲಿ ಹಿನ್ನೆಲೆ ಮೆತ್ತಗೆ ಮಸುಕಾಗಿ ಪಾತ್ರವನ್ನು ಮುಂದೆ ತಳ್ಳುತ್ತಿತ್ತು. ಇಲ್ಲಿ ಮುಂದಿನ ಹುಲ್ಲೂ ಹಿಂದಿನ ಗುಡ್ಡವೂ ಒಂದೇ ಸಮ ಚೊಕ್ಕ. ದೊಡ್ಡ ತೆರೆಯಲ್ಲಿ ಇದು ಅದ್ಭುತ. ಚಿಕ್ಕ ತೆರೆಯಲ್ಲಿ ಕಣ್ಣು ಎಲ್ಲಿ ನಿಲ್ಲಬೇಕೋ ತಿಳಿಯದೆ ಸೋಲುತ್ತದೆ. ‘ಚಂದ ಐತಿ, ಆದ್ರ ಮನಸಿಗೆ ಹತ್ತಂಗಿಲ್ಲ’ ಎಂಬ ದೂರು ಹುಟ್ಟುವುದು ಇಲ್ಲೇ, ಆ ದೂರು ಅರ್ಧಕ್ಕರ್ಧ ಸರಿ. ಇಷ್ಟು ವಿವರ ತುಂಬಿದ್ದಕ್ಕೆ ಖರ್ಚೂ ಹಾಗೇ ಬಿತ್ತು: 60 ಲಕ್ಷ ಡಾಲರ್, ಡಿಸ್ನಿಯವರು ಅಲ್ಲಿಯ ತನಕ ಯಾವ ಕಾರ್ಟೂನಿಗೂ ಅಷ್ಟು ಸುರಿದಿರಲಿಲ್ಲ. ಮೊದಲ ಬಿಡುಗಡೆಯಲ್ಲಿ ಅಸಲು ಬರಲಿಲ್ಲ. ಡಿಸ್ನಿ ಮತ್ತೆ ಇಂಥ ಕಿನ್ನರಕತೆಗೆ ಕೈ ಹಾಕಿದ್ದು 1989ರಲ್ಲಿ. ಇನ್ನೊಂದು ಗಮ್ಮತ್ತು: ಡಿಸ್ನಿಲ್ಯಾಂಡಿನಲ್ಲಿ ಈ ರಾಜಕುಮಾರಿಯ ಹೆಸರಿನ ಕೋಟೆ ಬಾಗಿಲು ತೆರೆದದ್ದು 1955ರಲ್ಲಿ, ಸಿನಿಮಾ ಬರುವುದಕ್ಕೂ ನಾಲ್ಕು ವರ್ಷ ಮೊದಲು.

ಈಗ ಟಿವಿಯ ಲೆಕ್ಕ. ಚಿತ್ರ ತೆಗೆದದ್ದು ಟೆಕ್ನಿರಾಮಾ ಪದ್ಧತಿಯಲ್ಲಿ. 35 ಎಂಎಂ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಒಂದು ಫ್ರೇಮಿಗೆ ಮಾಮೂಲಿಯ ಎರಡರಷ್ಟು ಜಾಗ ಕೊಟ್ಟು ತೆಗೆಯುವ ವಿಧಾನ; ಆಮೇಲೆ 70 ಎಂಎಂ ಪ್ರಿಂಟು. 2008ರ ಬ್ಲೂ-ರೇಯಲ್ಲಿ ಚಿತ್ರದ ಅಗಲ ಎತ್ತರದ 2.55 ಪಟ್ಟು. ನಮ್ಮ ಮನೆಯ ಟಿವಿಯಲ್ಲಿ ಅದು 1.78 ಪಟ್ಟು. 43 ಇಂಚಿನ ಟಿವಿಯ ಪರದೆ ಸುಮಾರು 95 ಸೆಂ.ಮೀ. ಅಗಲ, 53 ಸೆಂ.ಮೀ. ಎತ್ತರ, ಅದರಲ್ಲಿ ಚಿತ್ರ ಕೂರುವುದು 37 ಸೆಂ.ಮೀ. ಎತ್ತರದಲ್ಲಿ, ಮೇಲೆ ಕೆಳಗೆ ಎಂಟೆಂಟು ಸೆಂ.ಮೀ. ಕಪ್ಪು ಪಟ್ಟಿ. ಈ ಪಟ್ಟಿ ಕಂಡ ಕೂಡಲೇ ‘ಸ್ಕ್ರೀನ್ ವೇಸ್ಟ್ ಆಗಾಕತ್ತೈತಿ’ ಎಂದು ಯಾರಾದರೂ ರಿಮೋಟಿನ ಝೂಮ್ ಒತ್ತುತ್ತಾರೆ. ಆಗ ಎಡ-ಬಲ ಸೇರಿ ಚಿತ್ರದ ಶೇ. 30 ಭಾಗ ಹೊರಗೆ. ಹಳೆಯ ಚೌಕ ಟಿವಿಗೆ ಮಾಡಿದ ಕ್ಯಾಸೆಟ್ ಪ್ರತಿಯಾದರೆ ಹೆಚ್ಚುಕಡಿಮೆ ಅರ್ಧ. ಆರಂಭದ ಮೆರವಣಿಗೆ, ಕಾಡಿನ ಕುಣಿತ ಎಲ್ಲ ಇಡೀ ಅಗಲಕ್ಕೆ ಹರಡಿದ ಚಿತ್ರಗಳು; ಅವನ್ನು ನಡುವಷ್ಟೇ ನೋಡಿದರೆ ಉಳಿಯುವುದು ಚೌಕ ಮರಗಳು ಮಾತ್ರ. ಹಾಗಾಗಿ ಝೂಮ್, ಸ್ಟ್ರೆಚ್ ಎರಡೂ ಬೇಡ, ಮೂಲ ಅಳತೆಯಲ್ಲೇ ಬಿಡಿ. ಪಡಸಾಲೆಯಲ್ಲಿ ಹತ್ತು ಅಡಿ ದೂರ ಕೂರುವ ಬದಲು ಐದು ಅಡಿಗೆ ಚಾಪೆ ಹಾಸಿ.

ಇನ್ನೆರಡು ಸೆಟ್ಟಿಂಗ್ ನೋಡಿಕೊಳ್ಳಿ. ಮೋಷನ್ ಸ್ಮೂತಿಂಗ್ ಅಂತ ಇರುತ್ತದೆ, ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಕಾರ್ಟೂನ್ ಫಿಲ್ಮಿನಲ್ಲಿ ಸೆಕೆಂಡಿಗೆ 24 ಫ್ರೇಮ್ ಇದ್ದರೂ ಬಹಳ ಕಡೆ ಒಂದೊಂದು ಚಿತ್ರ ಎರಡೆರಡು ಫ್ರೇಮ್ ನಿಲ್ಲುತ್ತದೆ. ನಡುವಿನದನ್ನು ಟಿವಿ ತಾನೇ ಊಹಿಸಿ ತುಂಬಲು ಹೋದರೆ ಕೈಯಿಂದ ಎಳೆದ ಗೆರೆಗಳು ಕಲಸಿದಂತಾಗುತ್ತವೆ. ಅದನ್ನು ಆಫ್ ಮಾಡಿ. ಬಣ್ಣದ ಮೋಡ್ ‘ವಿವಿಡ್’ ಇದ್ದರೆ ‘ಸಿನಿಮಾ’ಗೆ ಬದಲಿಸಿ, ಇಲ್ಲದಿದ್ದರೆ ಕಾಡಿನ ಹಸಿರಿಗೂ ಮಲೆಫಿಸೆಂಟಳ ಬೆಂಕಿಯ ಹಸಿರಿಗೂ ವ್ಯತ್ಯಾಸ ಉಳಿಯದು, ಅದು ಹೋದರೆ ಕತೆಯ ಸೂಚನೆಯೇ ಹೋದಂತೆ. ಸೌಂಡ್ 5.1ರಲ್ಲಿ (ಆರು ಸ್ಪೀಕರಿಗೆ ಹಂಚಿದ ದನಿ) ಬರುತ್ತಿದ್ದು ಸ್ಪೀಕರ್ ಟಿವಿಯದೇ ಆಗಿದ್ದರೆ ಔಟ್‌ಪುಟ್ಟನ್ನು ಸ್ಟೀರಿಯೊಗೆ ಇಡಿ. ಹಾಗೆ ಮಾಡದಿದ್ದರೆ ಮಾತು ಕೇಳುವುದಿಲ್ಲವೆಂದು ಏರಿಸುವುದು, ಗುಡುಗಿಗೆ ಹೆದರಿ ಇಳಿಸುವುದು, ಇದರಲ್ಲೇ ಹೊತ್ತು ಹೋಗುತ್ತದೆ.

ಶಾಲೆಯಲ್ಲಿ ಪ್ರೊಜೆಕ್ಟರ್ ಹಾಕುವವರು ಒಂದು ಗಮನಿಸಬೇಕು. ಗೋಡೆಯ ಮೇಲೆ ಆರು ಅಡಿ ಅಗಲ ಬಿದ್ದರೆ ಚಿತ್ರದ ಎತ್ತರ ಬರೇ 28 ಇಂಚು. ಹತ್ತು ಅಡಿ ಅಗಲವಾದರೂ ಸಿಗುವಷ್ಟು ಹಿಂದಕ್ಕೆ ಸರಿಸಿ. ಮಲೆಫಿಸೆಂಟಳ ಉಡುಪು, ಕೋಟೆ ಎಲ್ಲ ಕಪ್ಪು-ನೇರಳೆ. ಬಾಗಲಕೋಟೆಯ ಹಗಲಿನ ಬಿಸಿಲು ಕಿಟಕಿಯಿಂದ ಬಂದರೆ ಅವಳ ದೃಶ್ಯಗಳು ಬೂದು ಗೋಡೆಯಾಗುತ್ತವೆ. ಕಿಟಕಿಗೆ ಕರೇ ಬಟ್ಟೆ ಕಟ್ಟಲಾಗದಿದ್ದರೆ ಹೊತ್ತು ಮುಳುಗಿದ ಮೇಲೆ ಇಟ್ಟುಕೊಳ್ಳಿ.

ಹಾಡಿನ ಬಗ್ಗೆ ದೂರುವವರು ನಮ್ಮಲ್ಲಿ ಕಡಿಮೆ. ಕಾರಣ ಇದೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಕತೆ ನಿಲ್ಲಿಸಿ ಹಾಡುವುದು, ಹಿಮ್ಮೇಳ ಎತ್ತಿಕೊಳ್ಳುವುದು ಹೊಸದಲ್ಲ. ಈ ಚಿತ್ರದಲ್ಲೂ ಬಹಳ ಹಾಡು ಪಾತ್ರಗಳದಲ್ಲ, ತೆರೆಯ ಹಿಂದಿನ ಮೇಳದ್ದು. ಕೂಸಿಗೆ ವರ ಕೊಡುವಾಗ ಹಾಡುವುದೂ ಅದೇ ಮೇಳ. ಸಂಗೀತ ಹೊಸದಾಗಿ ಕಟ್ಟಿದ್ದಲ್ಲ. ರಷ್ಯದ ಸಂಗೀತಗಾರ ಚೈಕೋವ್‌ಸ್ಕಿಯ 1890ರ ಬ್ಯಾಲೆಯಿಂದ (ನೃತ್ಯನಾಟಕ) ತೆಗೆದು ಜಾರ್ಜ್ ಬ್ರನ್ಸ್ ಹೊಂದಿಸಿದ್ದು. ಕಾಡಿನಲ್ಲಿ ಅರೋರಾ-ಫಿಲಿಪ್ ಹಾಡುವ ಧಾಟಿ ಆ ಬ್ಯಾಲೆಯ ಮೊದಲ ಅಂಕದ ವಾಲ್ಟ್ಸ್. ಹಾಡಿಗಿಂತ ಮೇಲಾದದ್ದು ಕದಿರಿನ ದೃಶ್ಯ: ಒಲೆಗೂಡಿನ ಕತ್ತಲಲ್ಲಿ ಹಸಿರು ಬೆಳಕಿನ ಉಂಡೆ, ಅದರ ಹಿಂದೆ ನಿದ್ದೆಗಣ್ಣಲ್ಲಿ ಮೆಟ್ಟಿಲೇರುವ ಹುಡುಗಿ, ಕೆಳಗಿನಿಂದ ಹೆಸರು ಹಿಡಿದು ಕೂಗುವ ಆಯಿಗಳು. ಅಲ್ಲಿ ಕತೆಯನ್ನು ಸಂಗೀತವೇ ಹೇಳುತ್ತದೆ, ಇಂಗ್ಲಿಷ್ ಬಾರದವರಿಗೂ ಏನೂ ತಪ್ಪುವುದಿಲ್ಲ. ಇದರ ಎದುರು ಇಬ್ಬರು ರಾಜರು, ಅಂದರೆ ಹುಡುಗ-ಹುಡುಗಿಯ ಅಪ್ಪಂದಿರು, ಕುಡಿದು ಹಾಡುವ ಭಾಗ ಸಡಿಲ. ಚಹಾಕ್ಕೆ ಏಳುವವರು ಆಗ ಏಳಬಹುದು.

ಮುತ್ತಿನ ಬಗ್ಗೆ ಕೇಳುವ ಪೋಷಕರಿಗೆ: ಪೆರೋನ ಕತೆಯಲ್ಲಿ ಮುತ್ತಿಲ್ಲ, ನೂರು ವರ್ಷ ತುಂಬಿದ್ದಕ್ಕೆ ಅವಳೇ ಏಳುತ್ತಾಳೆ. ಮುತ್ತು ಬಂದದ್ದು ಜರ್ಮನಿಯ ಗ್ರಿಮ್ ಸಹೋದರರು ಹೇಳಿದ ಇದೇ ಕತೆಯಲ್ಲಿ. ಸಿನಿಮಾದಲ್ಲಿ ಇಬ್ಬರೂ ಅದೇ ದಿನ ಕಾಡಿನಲ್ಲಿ ಕಂಡು ಮೆಚ್ಚಿದ್ದಾರೆ, ಹಾಗಾಗಿ ಗುರುತಿಲ್ಲದವನು ಬಂದು ಎಬ್ಬಿಸಿದಂತಲ್ಲ. ಆದರೂ ಮಲಗಿದವರನ್ನು ಕೇಳದೆ ಮುಟ್ಟುವುದು ಸರಿಯೇ ಎಂದು ಹೈಸ್ಕೂಲಿನ ಹುಡುಗಿ ಕೇಳಿದರೆ ಬಾಯಿ ಮುಚ್ಚಿಸಬೇಡಿ, ಪ್ರಶ್ನೆ ಬರೋಬರಿ ಇದೆ.

ವಯಸ್ಸು ಎಂದರೆ, ಐದಕ್ಕಿಂತ ಚಿಕ್ಕವರಿಗೆ ಕೊನೆಯ ಹತ್ತು ನಿಮಿಷ ಭಾರ: ಮುಳ್ಳಿನ ಕಾಡು, ಹಸಿರು ಬೆಂಕಿ ಉಗುಳುವ ಘಟಸರ್ಪ. ಅವರಿಗೆ ‘ಮಾಟಗಾತಿನೇ ಸರ್ಪ ಆಗ್ತಾಳ, ಕಡೀಕ ಸೋಲ್ತಾಳ’ ಎಂದು ಮೊದಲೇ ಹೇಳಿಡಿ. ಚಿಕ್ಕ ಮಕ್ಕಳಿಗೆ ಕೊನೆ ಗೊತ್ತಿದ್ದರೆ ಅಂಜಿಕೆ ಇಳಿಯುತ್ತದೆ, ರುಚಿ ಕೆಡುವುದಿಲ್ಲ. 75 ನಿಮಿಷ ಒಂದು ಪೀರಿಯಡ್ಡಿನಲ್ಲಿ ಹಿಡಿಸದು, ಎರಡು ದಿನಕ್ಕೆ ಒಡೆಯಲೇಬೇಕು. ಅರೋರಾ ಗುಡಿಸಲಿನಲ್ಲಿ ಅಳುತ್ತಾ ಒಳಗೆ ಓಡುವಲ್ಲಿ ನಿಲ್ಲಿಸಿ. ಕದಿರು ಮುಟ್ಟುವಲ್ಲಿ ನಿಲ್ಲಿಸಿದರೆ ಮೆಟ್ಟಿಲಿನಿಂದ ಏರಿ ಬಂದ ಸಂಗೀತ ತುಂಡಾಗುತ್ತದೆ, ಮರುದಿನ ಮಕ್ಕಳಿಗೆ ಅದನ್ನು ಮತ್ತೆ ಮೊದಲಿನಿಂದ ತೋರಿಸಬೇಕಾಗುತ್ತದೆ.